ಗೇಟಜ್ಜಿ ಒಳಗೆ ಹೋದ ಭಾನುವಾರ

ತೋಟದ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸಕ್ಕೆ ಎರಡು ಕೈ ಸಾಕು, ಕಣ್ಣು ಬೇಕಿಲ್ಲ. ಹದಿನಾಲ್ಕು ವರ್ಷ ಹರಿದೂ ಹರಿದೂ ಗೇಟಜ್ಜಿಯ ಬೆರಳುಗಳು ಆ ಕೆಲಸವನ್ನು ತಾವಾಗಿಯೇ ಮಾಡಿಕೊಂಡು ಹೋಗುತ್ತಿದ್ದವು. ಹಾಗಾಗಿ ಅವಳ ಕಣ್ಣು ಸದಾ ಖಾಲಿ. ಚಳಿಗಾಲದಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ವಸಂತ ಬಂದು, ಒಳಗೆ ಹೂವು ಅರಳಿ, ಊರಿನ ಸಂಸಾರಗಳೆಲ್ಲ ಚಾಪೆ, ಚೆಂಡು, ಮಗುವಿನ ತಳ್ಳುಗಾಡಿ ಕಟ್ಟಿಕೊಂಡು ಭಾನುವಾರ ಬೆಳಿಗ್ಗೆ ಸಾಲುಗಟ್ಟಿ ನಿಂತವೆಂದರೆ ಮಾತ್ರ ಅವಳ ಹೊಟ್ಟೆಯೊಳಗೆ ಉರಿ ಶುರುವಾಗುತ್ತಿತ್ತು.

ಬೇರೆಯವರ ಸಂಸಾರಗಳ ಮೇಲೆ ಅವಳಿಗೆ ಏನೂ ಇರಲಿಲ್ಲ, ಪಾಪ. ಅವರು ನಕ್ಕರೆ ಇವಳೂ ನಗುತ್ತಿದ್ದಳು, ಚಿಟ್ಟೆ ಮನೆ ಎಲ್ಲಿ ಎಂದು ಕೇಳಿದರೆ ದಾರಿ ಹೇಳುತ್ತಿದ್ದಳು. ಉರಿ ಇದ್ದದ್ದು ಒಂದೇ ಒಂದು ಸಂಸಾರದ ಮೇಲೆ, ಅದು ಅವಳದೇ. ಹತ್ತೂವರೆಗೆ ಗಡಿಯಾರ ನೋಡಿದ ಹಾಗೆ ಬರುತ್ತಿತ್ತು: ಚಾಪೆ ಹೊತ್ತ ಮಗ, ನೀರಿನ ಬಾಟಲಿ ಹಿಡಿದ ಸೊಸೆ, ಆರು ವರ್ಷದ ಮೊಮ್ಮಗಳು ಚೋಟು, ಆ ಚೋಟುವಿನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೂರಂತಸ್ತಿನ ಊಟದ ಡಬ್ಬಿ ತೂಗಾಡಿಸಿಕೊಂಡು ಸೊಸೆಯ ತಾಯಿ. ಅಂದರೆ ಬೀಗಿತ್ತಿ. ಗೇಟಜ್ಜಿ ನಗುತ್ತಾ ಅವರ ಟಿಕೆಟ್ ಹರಿಯುತ್ತಿದ್ದಳು. ಅವರು ಒಳಗೆ ಹೋಗುತ್ತಿದ್ದರು. ಸಂಜೆ ಬಟ್ಟೆಗೆಲ್ಲ ಹುಲ್ಲು ಅಂಟಿಸಿಕೊಂಡು, ಇವಳಿಗೆ ತಲೆಬುಡ ಗೊತ್ತಾಗದ ಯಾವುದೋ ಜೋಕಿಗೆ ನಗುತ್ತಾ ಹೊರಗೆ ಬರುತ್ತಿದ್ದರು.

ಚೋಟುವಿಗೆ ಇಬ್ಬರು ಅಜ್ಜಿಯರು, ಹೆಸರಿಟ್ಟವಳೂ ಅವಳೇ. ಇವಳು ಗೇಟಜ್ಜಿ, ಆಕೆ ಡಬ್ಬಿ ಅಜ್ಜಿ. ಮಕ್ಕಳು ಕಂಡದ್ದನ್ನು ಹೇಳುತ್ತವೆ, ಅದರಲ್ಲಿ ತಪ್ಪೇನಿದೆ ಎಂದು ಮಗ ನಕ್ಕಿದ್ದ. ತಪ್ಪೇನಿಲ್ಲವೇ? ಒಬ್ಬಳ ಹೆಸರು ಕೇಳಿದರೆ ಕೇಕು, ಬೇಯಿಸಿದ ಮೊಟ್ಟೆ, ಹೆಚ್ಚಿದ ಹಣ್ಣು ನೆನಪಾಗುತ್ತವೆ. ಇನ್ನೊಬ್ಬಳ ಹೆಸರು ಕೇಳಿದರೆ ಕಬ್ಬಿಣದ ಸರಳು. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ರಾತ್ರಿ ಊಟಕ್ಕೆ ಕೂತಾಗ ತನಗೆ ತಾನೇ ಹೇಳಿಕೊಂಡು ಮೂಗು ಮುರಿಯುತ್ತಿದ್ದಳು.

ಮಗನ ಮನೆ ಇದ್ದದ್ದು ಬೀಗಿತ್ತಿಯ ಮನೆಯ ಪಕ್ಕದ ಬೀದಿಯಲ್ಲಿ. ಶಾಲೆ ಬಿಟ್ಟ ಮೇಲೆ ಚೋಟು ಆಕೆಯ ಹತ್ತಿರವೇ. ಆಕೆ ಮೂವತ್ತು ವರ್ಷ ಟೈಲರ್ ಆಗಿದ್ದವಳು, ಈಗ ಕೆಲಸ ಬಿಟ್ಟು ಆರಾಮಾಗಿ ಮೊಮ್ಮಗಳಿಗೆ ಟೋಪಿ ಹೊಲಿಯುತ್ತಾ ಕೂತಿದ್ದಳು. ವಸಂತದಲ್ಲಿ ವಾರಕ್ಕೊಂದು ಟೋಪಿ. ಗೇಟಜ್ಜಿಗೆ ರಜೆ ಸಿಗುತ್ತಿದ್ದದ್ದು ಬುಧವಾರ. ಬುಧವಾರ ಚೋಟುವಿಗೆ ಶಾಲೆ.

ಆ ವಸಂತದ ಮೊದಲ ಭಾನುವಾರವೇ ಪಿತ್ತ ನೆತ್ತಿಗೇರುವ ಒಂದು ಸಂಗತಿ ನಡೆಯಿತು. ಗೇಟಿನ ಕಂಬದ ಮೇಲೆ ಒಂದು ಕೆಂಪು ಗೆರೆ ಇದೆ. ಗೆರೆಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಬೇಡ, ಉದ್ದ ಇದ್ದರೆ ಅರ್ಧ ಟಿಕೆಟ್. ಊರಿನ ಮಕ್ಕಳನ್ನೆಲ್ಲ ಆ ಗೆರೆಗೆ ಒರಗಿಸಿ ನಿಲ್ಲಿಸಿದವಳು ಗೇಟಜ್ಜಿ, ಎದ್ದು ನಿಂತ ಕೂದಲನ್ನೂ ಬೆರಳ ತುದಿಯಿಂದ ಒತ್ತಿ ನೋಡುವವಳು. ಅವತ್ತು ಚೋಟುವಿನ ತಲೆ ಸವರಿ, "ನೀನು ಹೋಗೇ ಗುಬ್ಬಿ, ನಿಂಗೆ ಟಿಕೆಟ್ ಬೇಡ" ಎಂದಳು.

"ಇಲ್ಲ ಬೀಗ್ರೇ, ಚೋಟು ಗೆರೆ ದಾಟಿದ್ದಾಳೆ," ಎಂದಳು ಬೀಗಿತ್ತಿ ಮೆಲ್ಲಗೆ. "ಹೋದ ತಿಂಗಳು ಫ್ರಾಕಿನ ಅಂಚು ಬಿಚ್ಚಿ ಎರಡು ಬೆರಳು ಇಳಿಸಿದೆ. ಅದಕ್ಕೇ ಅರ್ಧ ಟಿಕೆಟ್ ತಗೊಂಡೇ ಬಂದಿದ್ದೀನಿ."

ಕಂಬಕ್ಕೆ ಒರಗಿಸಿ ನೋಡಿದರೆ ಹೌದು, ದಾಟಿದ್ದಳು. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಅದೇ ಇನ್ನೂ ಕೆಟ್ಟದ್ದು. ಕೊಂಕಿದ್ದರೆ ತಿರುಗಿ ಎರಡು ಮಾತು ಆಡಿ ಹಗುರಾಗಬಹುದಿತ್ತು. ತನ್ನ ಮೊಮ್ಮಗಳು ಬೆಳೆದದ್ದನ್ನು ತನಗೆ ಇನ್ನೊಬ್ಬಳು ತಿಳಿಸಬೇಕಾಯಿತಲ್ಲ ಎಂದುಕೊಂಡು ಗೇಟಜ್ಜಿ ಆ ಅರ್ಧ ಟಿಕೆಟ್ಟನ್ನು ಪರ್ರನೆ ಹರಿದಳು. ಹೀಗೇ ಬಿಟ್ಟರೆ ಮಗು ಪೂರ್ತಿ ಆಕೆಯ ಪಾಲಾಗುತ್ತದೆ, ತಾನು ಹೋಗುವಾಗ ಬರುವಾಗ ಕೈಬೀಸುವ ಹೆಂಗಸಾಗಿ ಉಳಿಯುತ್ತೇನೆ ಎಂದು ಅವಳಿಗೆ ಅಂದೇ ಸ್ಪಷ್ಟವಾಯಿತು. ಮರುದಿನ ಮೇಲ್ವಿಚಾರಕನ ಮುಂದೆ ನಿಂತು ಒಂದು ಭಾನುವಾರದ ರಜೆ ಕೇಳಿದಳು. ಹದಿನಾಲ್ಕು ವಸಂತದಲ್ಲಿ ಕೇಳದವಳು ಕೇಳಿದಳೆಂದು ಅವನು ಗಾಬರಿಯಾಗಿ ಕೊಟ್ಟೇಬಿಟ್ಟ.

ಈಗ ಒಂದು ವಿಷಯ ಹೇಳಲೇಬೇಕು. ಗೇಟಜ್ಜಿ ಆ ತೋಟವನ್ನು ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಮೊದಲ ಹೂವಿನ ಪಾತಿಯವರೆಗೆ ಹೋಗಿದ್ದಳು, ಅಷ್ಟೇ. ಕೆಲಸದ ಹೊತ್ತಿನಲ್ಲಿ ಗೇಟು ಬಿಡುವಂತಿಲ್ಲ, ಬುಧವಾರ ರಜೆ ಸಿಕ್ಕಾಗ ಕೆಲಸದ ಜಾಗಕ್ಕೇ ತಿರುಗಾಡಲು ಬರುವ ಹುಚ್ಚು ಯಾರಿಗಿರುತ್ತದೆ? ಒಳಗಿನದೆಲ್ಲ ಅವಳಿಗೆ ಹೊರಗೆ ಬರುವವರ ಬಾಯಿಂದ ಕೇಳಿ ಗೊತ್ತು. ದಾರಿಯನ್ನಂತೂ ಸೇರಿದ ದಿನವೇ ಬಾಯಿಪಾಠ ಮಾಡಿಸಿದ್ದರು: ಎಡಕ್ಕೆ, ಎರಡನೇ ತಿರುವಿನಲ್ಲಿ ಬಲಕ್ಕೆ, ಆಮೇಲೆ ನೇರ, ಚಿಟ್ಟೆ ಮನೆ. ಆದರೆ ಚೋಟು ಮೂರು ವರ್ಷದವಳಿದ್ದಾಗ ಇವಳು ಒಂದು ಬಡಾಯಿ ಕೊಚ್ಚಿದ್ದಳು. "ಇದು ನನ್ನ ತೋಟ ಕಣೇ. ನಾನು ಬಿಟ್ರೆ ಮಾತ್ರ ಜನ ಒಳಗೆ ಹೋಗ್ತಾರೆ." ಚೋಟು ಅದನ್ನು ನಂಬಿದ್ದಳು, ತರಗತಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆ ಭಾನುವಾರ ಗೇಟಜ್ಜಿ ಸಮವಸ್ತ್ರದ ಕೋಟು ಬಿಟ್ಟು, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಅವತ್ತು ಗೇಟಿನಲ್ಲಿ ತನ್ನ ಬದಲು ನಿಂತಿದ್ದ ಕೌಂಟರಿನವಳ ಕೈಯಿಂದ ತನ್ನ ಟಿಕೆಟ್ಟನ್ನು ಹರಿಸಿಕೊಂಡು ಒಳಗೆ ಹೋದಳು. ಗೇಟಿನ ಹತ್ತಿರವೇ, ಒಂದು ಎತ್ತರದ ಬೇಲಿಗಿಡದ ಮರೆಯಲ್ಲಿ ಹುಲ್ಲುಹಾಸು. ಅಲ್ಲಿ ಒಂದು ಮರ, ಮರದ ಕೆಳಗೆ ಅವರ ಚಾಪೆ. ಚಾಪೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಜಾಗ ಮೊದಲೇ ನಿಗದಿಯಾಗಿತ್ತು. ಇವಳು ಎಲ್ಲಿ ಕೂರಬೇಕೆಂದು ತಿಳಿಯದೆ ಅಂಚಿನಲ್ಲಿ, ಅರ್ಧ ಹುಲ್ಲಿನ ಮೇಲೆ ಕೂತಳು.

"ಮೇಲೆ ಬನ್ನಿ ಬೀಗ್ರೇ," ಎಂದಳು ಬೀಗಿತ್ತಿ.

"ಇಲ್ಲೇ ಚೆನ್ನಾಗಿದೆ, ಗಾಳಿ ಬರುತ್ತೆ."

ಬೀಗಿತ್ತಿ ಡಬ್ಬಿ ಬಿಚ್ಚಿದಳು. ಮಗನಿಗೆ ಮೊಟ್ಟೆಯ ಬಿಳಿ ಮಾತ್ರ, ಸೊಸೆಗೆ ಮೊದಲು ಹಣ್ಣು, ಚೋಟುವಿಗೆ ಬ್ರೆಡ್ಡಿನ ಅಂಚು ಕತ್ತರಿಸಿದ್ದು. ಯಾರೂ ಕೇಳಲಿಲ್ಲ, ಆಕೆಯೂ ಕೇಳಲಿಲ್ಲ, ಎಲ್ಲ ಅವರವರ ಕೈಗೆ ಹೋಗಿ ಸೇರಿತು. ತನ್ನ ಮಗನಿಗೆ ಹಳದಿ ಭಾಗ ಸೇರುವುದಿಲ್ಲ ಎಂಬುದು ಗೇಟಜ್ಜಿಗೆ ಹೊಸ ಸುದ್ದಿ. ಚಿಕ್ಕಂದಿನಲ್ಲಿ ಎರಡೆರಡು ನುಂಗುತ್ತಿದ್ದ ಕಳ್ಳ. ಕೇಕು ಚೆನ್ನಾಗಿತ್ತು, ಅದು ಚೆನ್ನಾಗಿದ್ದದ್ದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಊಟವಾದ ಮೇಲೆ ಮಗ ಟೋಪಿ ಮುಖದ ಮೇಲೆ ಹಾಕಿಕೊಂಡು ಮಲಗಿದ, ಸೊಸೆ ಪುಸ್ತಕ ತೆಗೆದಳು, ಬೀಗಿತ್ತಿ ಮೊಣಕಾಲು ನೀವಿಕೊಳ್ಳತೊಡಗಿದಳು. ಇದೇ ಹೊತ್ತು ಎಂದುಕೊಂಡಳು ಗೇಟಜ್ಜಿ.

"ಚೋಟೂ, ಬಾರೇ, ಚಿಟ್ಟೆ ಮನೆ ತೋರಿಸ್ತೀನಿ."

ಚೋಟು ಚಂಗನೆ ಎದ್ದಳು. "ಅದು ತುಂಬಾ ದೂರ ಅಂತಾರೆ," ಎಂದಳು ಬೀಗಿತ್ತಿ. "ಇವಳನ್ನ ಒಂದ್ಸಲಾನೂ ಕರ್ಕೊಂಡು ಹೋಗಿಲ್ಲ. ನಾನೂ ಬರ್ಲಾ?"

"ನಿಮ್ಮ ಮೊಣಕಾಲು ಕೆಟ್ಟಿದೆ, ಕೂತ್ಕೊಳ್ಳಿ. ನನ್ನ ತೋಟದ ದಾರಿ ನಂಗೆ ಗೊತ್ತಿಲ್ವಾ?"

ದಾರಿ ಸರಿಯಾಗಿ ಹಿಡಿಯಬೇಕೆಂದು ಮೊದಲು ಗೇಟಿಗೇ ವಾಪಸು ಹೋಗಿ, ಅದಕ್ಕೆ ಬೆನ್ನು ಮಾಡಿ, ಆಗ ತಾನೇ ಒಳಗೆ ಬಂದವಳ ಹಾಗೆ ನಿಂತು ಹೊರಟಳು. ಎಡಕ್ಕೆ. ಎರಡನೇ ತಿರುವಿನಲ್ಲಿ ಬಲಕ್ಕೆ. ಆಮೇಲೆ ನೇರ. ಮೊಮ್ಮಗಳ ಕೈ ತನ್ನ ಕೈಯಲ್ಲಿ, ನೆಲಕ್ಕೆ ಕಾಲು ಹತ್ತದ ಹಾಗೆ ನಡೆದಳು. ಹದಿನಾಲ್ಕು ವರ್ಷ ಜನರಿಗೆ ಹೇಳಿದ ದಾರಿಯಲ್ಲಿ ಅವಳು ನಡೆದದ್ದು ಅದೇ ಮೊದಲು. ಹೂವು ಕಡಿಮೆಯಾದವು. ಆಮೇಲೆ ಜನ ಕಡಿಮೆಯಾದರು. ಆಮೇಲೆ ಮೂಗಿಗೆ ಒಂದು ವಾಸನೆ ಬಡಿಯಿತು. ದಾರಿ ಮುಗಿದಲ್ಲಿ ಒಂದು ದೊಡ್ಡ ಗೊಬ್ಬರದ ಗುಂಡಿ ಇತ್ತು, ಗುಂಡಿಯ ತುಂಬ ಕೊಳೆತ ಎಲೆ, ಅದರ ಮೇಲೆ ನೊಣ.

"ಅಜ್ಜೀ, ಚಿಟ್ಟೆ ಎಲ್ಲಿ?"

"ಇಲ್ಲೇ ಇತ್ತು. ಎತ್ತಿ ಬೇರೆ ಕಡೆ ಇಟ್ಟಿರ್ಬೇಕು."

ಚಿಟ್ಟೆ ಮನೆಯನ್ನು ಯಾರಾದರೂ ಎತ್ತಿ ಇಡುತ್ತಾರೆಯೇ? ಇಟ್ಟಿದ್ದರು, ಹೌದು, ಎಷ್ಟೋ ವರ್ಷದ ಹಿಂದೆ ತೋಟದ ಇನ್ನೊಂದು ತುದಿಯಲ್ಲಿ ಹೊಸದು ಕಟ್ಟಿ, ಹಳೆಯದನ್ನು ಕೆಡವಿದ್ದರು. ಗೇಟಿನವಳಿಗೆ ಹೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಸಂಜೆ ಹೊರಗೆ ಬರುವಾಗ ಕೆಲವರು ತನ್ನತ್ತ ಮುಖ ಗಂಟಿಕ್ಕಿಕೊಂಡು ನೋಡುವುದನ್ನು ಅವಳು ಕಂಡಿದ್ದಳು. ಕೆಲವರ ಮುಖವೇ ಹಾಗೆ ಎಂದುಕೊಂಡಿದ್ದಳು.

ಹಿಂದಕ್ಕೆ ಹೊರಟರೆ ದಾರಿ ಎರಡಾಯಿತು, ಆಮೇಲೆ ಮೂರಾಯಿತು. ಎಲ್ಲ ಕಡೆ ಒಂದೇ ಎತ್ತರದ ಬೇಲಿಗಿಡ. ಅರ್ಧ ಗಂಟೆ ಸುತ್ತಿ ಮತ್ತೆ ಅದೇ ಗುಂಡಿಯ ಮುಂದೆ ಬಂದು ನಿಂತರು. ಚೋಟುವಿನ ಕಾಲು ನೋಯುತ್ತಿತ್ತು. ಕೊನೆಗೆ ಮಗುವಿನ ತಳ್ಳುಗಾಡಿ ನೂಕಿಕೊಂಡು ಬರುತ್ತಿದ್ದ ಒಬ್ಬ ಮನುಷ್ಯನನ್ನು ತಡೆದು, "ಅಪ್ಪಾ, ಗೇಟಿಗೆ ಹೋಗೋದು ಹೇಗೆ?" ಎಂದು ಕೇಳಿದಳು.

ಅವನು ಒಳ್ಳೆಯವನು, ಕೈ ತೋರಿಸಿ ಹೇಳಿದ. ಕೋಟಿಲ್ಲದ ಅವಳ ಗುರುತು ಅವನಿಗೆ ಸಿಗಲಿಲ್ಲ. "ನೀವೂ ದಾರಿ ತಪ್ಪಿದ್ರಾ? ಗೇಟಲ್ಲಿ ಟಿಕೆಟ್ ಹರಿಯೋಕೆ ಒಬ್ಬ ಅಜ್ಜಿ ಇರ್ತಾಳೆ ನೋಡಿ, ಆ ಮಹಾತಾಯಿ ಮಾತು ಮಾತ್ರ ಕೇಳ್ಬೇಡಿ. ಹೋದ ವರ್ಷ ಚಿಟ್ಟೆ ಮನೆ ಎಲ್ಲಿ ಅಂದ್ರೆ ನಮ್ಮ ಇಡೀ ಸಂಸಾರನ ಈ ಗೊಬ್ಬರದ ಗುಂಡಿಗೆ ಕಳಿಸಿಬಿಟ್ಲು!"

ಅವನು ನಗುತ್ತಾ ಹೋದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಗೇಟಜ್ಜಿಗೆ. ಚೋಟು ಅವಳ ಮುಖವನ್ನೇ ನೋಡುತ್ತಿದ್ದಳು.

"ಅಜ್ಜೀ, ನಿಂಗೆ ದಾರಿ ಗೊತ್ತಿಲ್ವಾ? ನಿನ್ನ ತೋಟ ಅಲ್ವಾ?"

ಗೇಟಜ್ಜಿ ಅಲ್ಲೇ ದಾರಿಯಂಚಿನ ಕಲ್ಲಿನ ಮೇಲೆ ಕುಸಿದು ಕೂತಳು. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಇಲ್ಲ ಕಣೇ. ನಾನು ಒಳಗೆ ಬಂದೇ ಇಲ್ಲ. ಯಾರಿಗೂ ಹೇಳ್ಬೇಡ, ನಿನ್ನ ಡಬ್ಬಿ ಅಜ್ಜಿಗಂತೂ ಹೇಳಲೇಬೇಡ. ಇದು ನಮ್ಮಿಬ್ಬರ ಗುಟ್ಟು."

"ನಮ್ಮಿಬ್ಬರದೇನಾ?"

"ನಮ್ಮಿಬ್ಬರದೇ."

ಚೋಟು ಅಜ್ಜಿಯ ಕೈ ಹಿಡಿದೆಳೆದು ಎಬ್ಬಿಸಿ, ಆ ಮನುಷ್ಯ ತೋರಿಸಿದ ದಾರಿಯಲ್ಲಿ ತಾನೇ ಮುಂದೆ ನಡೆದಳು. ನಡುನಡುವೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸುತ್ತಿದ್ದಳು. ಅಷ್ಟು ಅವಮಾನದ ನಡುವೆಯೂ ಗೇಟಜ್ಜಿಗೆ ಖುಷಿಯಾಯಿತು. ಬೀಗಿತ್ತಿಗೆ ಗೊತ್ತಿಲ್ಲದ ಒಂದು ವಿಷಯ ಈ ಲೋಕದಲ್ಲಿ ತನಗೂ ಮೊಮ್ಮಗಳಿಗೂ ಇದೆ!

ಚಾಪೆಯ ಹತ್ತಿರ ಬೀಗಿತ್ತಿ ಎದ್ದು ನಿಂತು ದಾರಿ ಕಾಯುತ್ತಿದ್ದಳು. "ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ? ಸಿಕ್ತಾ ಚಿಟ್ಟೆ ಮನೆ?"

"ಹೂಂ! ಸಾವಿರ ಚಿಟ್ಟೆ ಇತ್ತು!" ಎಂದಳು ಚೋಟು ಒಂದೇ ಉಸಿರಿಗೆ. "ನೀಲಿದೊಂದು ಬಂದು ಅಜ್ಜಿ ಮೂಗಿನ ಮೇಲೇ ಕೂತ್ಕೊಳ್ತು. ಎಲ್ಲಾ ದಾರಿನೂ ಅಜ್ಜಿಗೆ ಗೊತ್ತು. ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ!"

ಗೇಟಜ್ಜಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇದಕ್ಕಾಗಿಯೇ ಅಲ್ಲವೇ ಅವಳು ರಜೆ ಹಾಕಿ ಬಂದದ್ದು. ನೋಡೋಣ ಈಗ ಎಂದು ತಲೆಯೆತ್ತಿ ಬೀಗಿತ್ತಿಯ ಮುಖ ನೋಡಿದಳು.

ಬೀಗಿತ್ತಿ ನಗುತ್ತಿದ್ದಳು. "ಹೌದಾ ಪುಟ್ಟಾ? ಎಷ್ಟು ಭಾನುವಾರ ಬಂದ್ವಿ, ನಾನು ನಿನ್ನ ಅಲ್ಲಿಗೆ ಕರ್ಕೊಂಡೇ ಹೋಗ್ಲಿಲ್ವಲ್ಲ." ಹಾಗೆನ್ನುತ್ತಾ ಕೂತು ಡಬ್ಬಿಯ ಮುಚ್ಚಳ ಹಾಕಹೋದಳು. ಅದು ಕೂರಲಿಲ್ಲ. ಮತ್ತೊಮ್ಮೆ ಒತ್ತಿದಳು, ಆಗಲೂ ಕೂರಲಿಲ್ಲ. ನಗು ಮಾತ್ರ ಹಾಗೇ ಇತ್ತು, ಆ ನಗು ಎಂಥದೆಂದು ಗೇಟಜ್ಜಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಒಳಗೆ ಉರಿಯುತ್ತಿರುವಾಗ ಮುಖದ ಮೇಲೆ ಅದನ್ನು ಹಿಡಿದು ನಿಲ್ಲಿಸಲು ಎಷ್ಟು ಕಷ್ಟವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಬಾಯಿ ಸುಮ್ಮನಿರಲಿಲ್ಲ.

"ಅದೆಲ್ಲಾ ಸುಳ್ಳು ಬೀಗ್ರೇ. ಚಿಟ್ಟೆನೂ ಇಲ್ಲ, ಏನೂ ಇಲ್ಲ. ದಾರಿ ತಪ್ಪಿ ಗೊಬ್ಬರದ ಗುಂಡಿಗೆ ಹೋಗಿದ್ವಿ. ನಂಗೆ ಈ ತೋಟದ ತಲೆಬುಡ ಗೊತ್ತಿಲ್ಲ."

ಮಗ ಮುಖದ ಮೇಲಿನ ಟೋಪಿ ಕಿತ್ತು, ಹೊಟ್ಟೆ ಹಿಡಿದುಕೊಂಡು ಉರುಳಾಡಿ ನಕ್ಕ, ಸೊಸೆ ಪುಸ್ತಕದಿಂದ ಮುಖ ಮುಚ್ಚಿಕೊಂಡು ನಕ್ಕಳು, ಬೀಗಿತ್ತಿಗಂತೂ ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೇ ಬಂತು. ಗೇಟಜ್ಜಿಯೂ ನಕ್ಕಳು. ನಗದೆ ನಿಂತವಳು ಚೋಟು ಒಬ್ಬಳೇ.

"ಗುಟ್ಟು ಅಂದಿದ್ದೆ!" ಎಂದು ಅವಳು ಕಿರುಚಿದಳು. "ನಮ್ಮಿಬ್ಬರದೇ ಅಂದಿದ್ದೆ! ನಾನು ಹೇಳ್ಲಿಲ್ಲ, ನೀನೇ ಹೇಳಿಬಿಟ್ಟೆ!" ಮುಖವೆಲ್ಲ ಕೆಂಪಾಗಿ, ಓಡಿಹೋಗಿ ಬೀಗಿತ್ತಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಬೀಗಿತ್ತಿ ಮಗುವಿನ ಬೆನ್ನು ತಟ್ಟುತ್ತಾ ಗೇಟಜ್ಜಿಯನ್ನು ನೋಡಿದಳು. ಒಡಹುಟ್ಟಿದವಳನ್ನು ನೋಡುವ ಹಾಗೆ ನೋಡಿದಳು, "ಇಲ್ಲಿ ಬನ್ನಿ ಅಕ್ಕಾ" ಎಂದು ಮೊದಲ ಸಲ ಅಕ್ಕ ಎಂದು ಕರೆದಳು. ಆ ಅಕ್ಕತನ ಯಾರಿಗೆ ಬೇಕಿತ್ತು? ಅದನ್ನು ಅಲ್ಲೇ ವಾಪಸು ಕೊಟ್ಟು ಗುಟ್ಟನ್ನು ಮತ್ತೆ ಬಾಯೊಳಗೆ ಹಾಕಿಕೊಳ್ಳುವ ಹಾಗಿದ್ದರೆ ಗೇಟಜ್ಜಿ ಒಂದು ಕ್ಷಣವೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಹತ್ತಿರ ಹೋಗಿ ಕೂತಳು. ಬಿಕ್ಕುತ್ತಿದ್ದ ಆ ಪುಟ್ಟ ಬೆನ್ನಿನ ಮೇಲೆ, ಬೀಗಿತ್ತಿಯ ಕೈಯ ಪಕ್ಕದಲ್ಲಿ, ತನ್ನದೊಂದು ಕೈ ಇಟ್ಟಳು. ಚೋಟು ಮುಖ ಎತ್ತದೆಯೇ ಮೈ ಕೊಡವಿ, ಎರಡು ಕೈಗಳಲ್ಲಿ ಯಾವುದು ಯಾರದೆಂದು ಸರಿಯಾಗಿ ತಿಳಿದವಳ ಹಾಗೆ, ಗೇಟಜ್ಜಿಯದನ್ನು ಮಾತ್ರ ತಳ್ಳಿಹಾಕಿದಳು.