ಬಲೆ ಕಟ್ಟುವವರ ಕನ್ನಡಕ

ಮೀನು ದೋಣಿಗಳು ನಿಲ್ಲುವ ದಕ್ಕೆಯ ಬಲೆ ಶೆಡ್ಡಿನೊಳಗೆ ಕಾಲಿಟ್ಟ ಹರ್ಷಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಮೂವತ್ತು ನಲವತ್ತು ಮಂದಿ ಕಾಲು ಚಾಚಿ ಕೂತು ಹರಿದ ಬಲೆ ಕಟ್ಟುತ್ತಿದ್ದರು. ಒಬ್ಬರ ಮೂಗಿನ ಮೇಲೂ ಕನ್ನಡಕವಿರಲಿಲ್ಲ.

ತಿಂಗಳ ಹಿಂದೆ ಅವಳೇ ಮುಂದೆ ನಿಂತು ಈ ದಕ್ಕೆಯ ಬಲೆ ಕಟ್ಟುವವರಿಗೆ ನೂರು ಕನ್ನಡಕ ಹಂಚಿಸಿದ್ದಳು. ನೆದರ್‌ಲೆಂಡ್ಸಿನ ಒಂದು ಸಂಸ್ಥೆ ಕಳುಹಿಸಿದ ನೆರವು ಅದು. ಕೊಟ್ಟಾರದ ಸಣ್ಣ ಆಫೀಸಿನಲ್ಲಿ ಕೂತು ಇಂಥ ನೆರವನ್ನು ಮುಟ್ಟಬೇಕಾದವರಿಗೆ ಮುಟ್ಟಿಸುವುದೇ ಅವಳ ಕೆಲಸ. ಗುರುವಾರ ಆ ಸಂಸ್ಥೆಯ ಅಧಿಕಾರಿಣಿ ವಿಡಿಯೋ ಕಾಲ್‌ನಲ್ಲಿ ಶೆಡ್ ನೋಡುವವರಿದ್ದರು. ನೂರರಲ್ಲಿ ಎಪ್ಪತ್ತಾದರೂ ಬಳಕೆಯಲ್ಲಿದ್ದರೆ ಈ ಕರಾವಳಿಗೆ ಇನ್ನೂ ಸಾವಿರ ಬರುತ್ತದೆ. ಇಲ್ಲವಾದರೆ ಆ ಸಾವಿರ ಬೇರೆ ದೇಶದ ಪಾಲು.

ಮೂಲೆಯಲ್ಲಿ ಅವಳ ಸೋದರಮಾವ ಲೀಲಾಧರ ಕೂತಿದ್ದರು.

“ಮಾವ, ಕನ್ನಡಕ ಎಲ್ಲಿ?”

“ಕಿಸೆಯಲ್ಲಿ ಉಂಟು ಮಗಾ. ಒಂದು ಗೀರು ಬೀಳ್ಲಿಲ್ಲ.”

“ಯಾಕೆ, ಕಿಸೆಗೆ ಕಣ್ಣು ಕಾಣುದಿಲ್ವಾ?”

“ನೀನು ಹೆದರ್ಬೇಡ. ಗುರುವಾರ ಎಲ್ಲರೂ ಹಾಕ್ತೇವೆ. ಮದುಮಗ ಪೇಟ ಇಟ್ಟ ಹಾಗೆ ಒಂದು ಗಂಟೆ ಇಟ್ಕೊಂಡ್ರಾಯ್ತು. ಅಷ್ಟು ದೂರದವರಿಗೆ ಎಂತ ಗೊತ್ತಾಗ್ತದೆ?”

ಕ್ಷಣಹೊತ್ತು ಆ ಮಾತು ಅವಳಿಗೂ ಬೆಲ್ಲದಂತೆ ರುಚಿಸಿತು. ಆದರೆ ಇನ್ನೂ ಸಾವಿರ ಕನ್ನಡಕ ಬಂದು ಸಾವಿರ ಕಿಸೆ ಸೇರಿದರೆ? ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

“ಈಗೊಮ್ಮೆ ಹಾಕಿ, ನೋಡುವ.”

ಹಾಕಿಕೊಂಡವರೇ ಲೀಲಾಧರ ಕಾಲು ಮಡಚಿ, ಬೆನ್ನು ಬಗ್ಗಿಸಿ, ಬಲೆಯನ್ನು ಮೂಗಿನ ಹತ್ತಿರ ಎಳೆದುಕೊಂಡರು. “ಹೀಗೆ ಕೂತ್ರೆ ಚೆಂದ ಕಾಣ್ತದೆ. ಆದ್ರೆ ಸೊಂಟ ಯಾರದ್ದು ಸಾಲ ತರುದು? ಕಾಲು ಚಾಚಿದ್ರೆ ಬಲೆಯೆಲ್ಲ ಮಂಜು ಮಂಜು. ಅದಕ್ಕಿಂತ ಬರಿಗಣ್ಣೇ ವಾಸಿ.”

“ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?”

“ಕೊಟ್ಟದ್ದಕ್ಕೆ ಕೊಂಕು ತೆಗಿಯುದಾ? ಅದೂ ನಮ್ಮ ಮನೆಯ ಹುಡುಗಿ ಕೊಟ್ಟದ್ದು!”

ಹರ್ಷಿತಾಳಿಗೆ ನಾಚಿಕೆಯಾಯಿತು. ಸಂಸ್ಥೆಯ ಕೈಪಿಡಿಯಲ್ಲಿದ್ದಂತೆ ಶಾಲೆಯ ಬೆಂಚಿನಲ್ಲಿ ಕೂರಿಸಿ, ಪುಸ್ತಕ ಓದುವಷ್ಟು ಹತ್ತಿರ ಕಾರ್ಡು ಹಿಡಿದು ಕಣ್ಣು ಪರೀಕ್ಷಿಸಿದ್ದರು. ಬಲೆ ಕಟ್ಟುವವರು ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು, ಮೊಣಕಾಲಿನಾಚೆ ಗಂಟು ಹಾಕುತ್ತಾರೆ. ಇದೇ ಶೆಡ್ಡಿನಲ್ಲಿ ಮಾವನಿಗೆ ನೂಲು ಸುತ್ತಿಕೊಟ್ಟು ಬೆಳೆದವಳಿಗೇ ಅದು ನೆನಪಾಗಿರಲಿಲ್ಲ.

ಬುಧವಾರ ಅವಳ ಕರೆಗೆ ಅತ್ತಾವರದಿಂದ ಕಣ್ಣು ಪರೀಕ್ಷಿಸುವ ಮುನೀರಾ ಮಸೂರಗಳ ಪೆಟ್ಟಿಗೆ ಹೊತ್ತು ಬಂದಳು. “ಅಂಕಲ್, ದಿನಾ ಕೂತ ಹಾಗೇ ಕೂತ್ಕೊಳ್ಳಿ” ಎಂದು ಕಣ್ಣಿನಿಂದ ಗಂಟಿನವರೆಗೆ ಅಳೆದಳು. ಪುಸ್ತಕದ್ದು ನಲವತ್ತು ಸೆಂಟಿಮೀಟರ್ ಲೆಕ್ಕ, ಇಲ್ಲಿ ಅರವತ್ತೈದು. ನಂಬರು ಒಂದು ಇಳಿಸಿ ಬೇರೆ ಮಸೂರ ಹಾಕಿದಳು.

ಲೀಲಾಧರರ ಸೂಜಿ ಓಡತೊಡಗಿತು. ಒಂದು ಗಂಟು, ಎರಡು, ಮೂರು.

“ಹೇಗುಂಟು ಅಂಕಲ್?”

“ಸ್ವಲ್ಪ ಸುಮ್ನಿರಿ ಮಾರಾಯ್ತಿ. ನಿನ್ನೆ ಕಟ್ಟಿದ ಗಂಟೆಲ್ಲ ಸೊಟ್ಟ ಉಂಟಲ್ಲ ಇಲ್ಲಿ!”

ಶೆಡ್ಡಿಗೆ ಶೆಡ್ಡೇ ನಕ್ಕಿತು. “ನಿನ್ನೆದ್ದು ಮಾತ್ರವಾ?” ಎಂದರು ಯಾರೋ.

ಗುರುವಾರ ಹರ್ಷಿತಾ ಯಾರಿಗೂ ತೋರಿಕೆಗೆ ಕನ್ನಡಕ ಹಾಕಿಸಲಿಲ್ಲ. ಫೋನು ಹಿಡಿದು, ನೂರು ಕೊಟ್ಟಿದ್ದೇವೆ, ಬಳಕೆಯಲ್ಲಿರುವುದು ಒಂಬತ್ತು, ಅದೂ ಮನೆಯಲ್ಲಿ ಪೇಪರ್ ಓದಲು, ತಪ್ಪು ಅವರದ್ದಲ್ಲ, ಪುಸ್ತಕದ ದೂರಕ್ಕೆ ಕಣ್ಣು ಪರೀಕ್ಷಿಸಿದ ನಮ್ಮದು ಎಂದಳು. ಆಮೇಲೆ ಕ್ಯಾಮರಾವನ್ನು ಬಲೆ ಸಿಕ್ಕಿಸಿದ ಮಾವನ ಕಾಲಿನ ಹೆಬ್ಬೆರಳಿನ ಮೇಲೆ ಹಿಡಿದಳು. ಅಧಿಕಾರಿಣಿ ಪರದೆಯ ಹತ್ತಿರ ಬಾಗಿ, “ಅವರು ಗಂಟು ಹಾಕುವುದನ್ನು ಇನ್ನೊಮ್ಮೆ ತೋರಿಸಿ” ಎಂದರು. ಮೂರು ಸಲ ನೋಡಿದರು. ಈ ನೂರನ್ನು ಮೊದಲು ಬದಲಿಸಿ, ಮುಂದಿನ ಸಾವಿರಕ್ಕೆ ಕೆಲಸದ ಜಾಗದಲ್ಲೇ ಅಳತೆ ತೆಗೆಯಿರಿ, ಕೈಪಿಡಿ ತಿದ್ದುವುದು ನಮ್ಮ ಕೆಲಸ ಎಂದರು.

ಹರ್ಷಿತಾ ಫೋನು ಇಳಿಸಿದಳು. ಮಾವನ ಎದುರು ಬಂದು ನಿಂತಳು.

“ಮಾವ, ಸಾವಿರ ಬರ್ತದಂತೆ!”

“ಬರ್ಲಿ, ಬರ್ಲಿ,” ಎಂದರು ಲೀಲಾಧರ, ಮುನೀರಾ ಬಿಟ್ಟುಹೋಗಿದ್ದ ಕನ್ನಡಕ ಹಾಕಿಕೊಂಡು, ಬಲೆಯಿಂದ ತಲೆ ಎತ್ತದೆ. “ನೀನೊಮ್ಮೆ ಬೆಳಕು ಬಿಟ್ಟು ಆಚೆ ನಿಲ್ಲು ಮಗಾ.”

ಅವಳು ಆಚೆ ಸರಿದು ನಿಂತಳು.