ಹುಳು ಹಣ್ಣಾದ ದಿನ

ಪುಷ್ಪ ಅವತ್ತು ಮದುವೆಮನೆಗೆ ಹೊರಟವಳ ಹಾಗೆ ಸಿಂಗಾರ ಮಾಡಿಕೊಂಡಿದ್ದಳು. ಇಸ್ತ್ರಿ ಹಾಕಿದ ನೀಲಿ ಸೀರೆ, ಮುಖಕ್ಕೆ ಘಮಘಮ ಪೌಡರು, ಜಡೆಗೆ ಮಲ್ಲಿಗೆ. ಯಳಂದೂರಿನ ಬಸ್ಸಿನಿಂದ ಕೊಳ್ಳೇಗಾಲದಲ್ಲಿ ಇಳಿದಾಗ, ಸ್ಕೂಟರಿನ ಮೇಲೆ ಕಾದು ಕುಳಿತಿದ್ದ ಶಾಂತಮೂರ್ತಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಏನಕ್ಕ, ಎಣ್ಣು ನೋಡಕ್ಕೇನಾದ್ರೂ ಬತ್ತಾವ್ರಾ ಇವತ್ತು?" ಅಂದ.

"ಸುಮ್ನೆ ಸ್ಕೂಟ್ರು ಸ್ಟಾರ್ಟ್ ಮಾಡ್ಲಾ. ನಾನು ಮುಂದ್ ನಿಂತ್ಕಂಡು ಮಾತಾಡ್ತಿರದು ಇದೇ ಮೊದ್ಲು. ಅಳ್ಮೋರೆ ಇಟ್ಕಂಡು ಓಗ್ಲಾ?"

ಸಂಗತಿ ಏನೆಂದರೆ, ಕೊಳ್ಳೇಗಾಲದಲ್ಲಿ ಒಂದಷ್ಟು ಜನ ಸೇರಿ ಕಟ್ಟಿಕೊಂಡ 'ಜೊತೆಗಾರರು' ಅನ್ನುವ ಬಳಗವೊಂದು ಇತ್ತು. ಅದರಲ್ಲಿ ಇರುವವರೆಲ್ಲ ಒಂದೋ ತಾವೇ ಮನಸ್ಸಿನ ಕಾಯಿಲೆಯಲ್ಲಿ ಬಿದ್ದು ಎದ್ದವರು, ಇಲ್ಲವೇ ಅಂಥವರ ಜೊತೆ ಒಂದೇ ಸೂರಿನಡಿ ಬಾಳಿದವರು. ಯಾವುದಾದರೂ ಮನೆಯಲ್ಲಿ ಒಬ್ಬರ ಮನಸ್ಸು ಕೈತಪ್ಪಿ, ಮನೆಮಂದಿಗೆ ದಿಕ್ಕು ತೋಚದೆ ಫೋನ್ ಮಾಡಿದರೆ, ಎರಡು ಕಡೆಯಿಂದಲೂ ಒಬ್ಬೊಬ್ಬರು ಹೊರಡುತ್ತಾರೆ. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಶಾಂತಮೂರ್ತಿ ಕಾಯಿಲೆಯಿಂದ ಎದ್ದುಬಂದವರ ಪೈಕಿ. ಟೈಲರ್ ಪುಷ್ಪ ಮನೆಯವರ ಪೈಕಿ. ಅವಳ ತಾಯಿ ರಾಮಮ್ಮ ವರ್ಷಗಟ್ಟಲೆ ಗೋಡೆಯ ಜೊತೆ ಮಾತಾಡುತ್ತಿದ್ದವಳು, ಈಗ ಗುಳಿಗೆ ನುಂಗಿಕೊಂಡು, ಬೀದಿಯವರ ಜಗಳಗಳನ್ನೆಲ್ಲ ತಾನೇ ಬಿಡಿಸಿಕೊಂಡು ಆರಾಮಾಗಿದ್ದಾಳೆ.

ಹನೂರು ದಾಟುತ್ತಿದ್ದ ಹಾಗೆ ಪುಷ್ಪಳ ಫೋನು ಹೊಡೆದುಕೊಂಡಿತು. ಗಂಡ ಒಳಗೆ ಅಗುಳಿ ಹಾಕಿಕೊಂಡಿದ್ದಾನೆ ಅಂತ ಬೆಳಿಗ್ಗೆ ಕರೆ ಮಾಡಿದ್ದ ಹುಡುಗಿಯೇ. ಭವ್ಯ ಅಂತ.

"ಅಕ್ಕಾ, ಎಲ್ಲಿದ್ದೀರಿ? ನಮ್ ಯಜಮಾನ್ರ ಮಾವ ಅಗ್ಗ ತಂದ್ಬುಟ್ಟವ್ರೆ. ಗಾಡಿನೂ ಬಂದು ನಿಂತದೆ. ಬಾಗ್ಲು ಒಡ್ದು, ಕೈಕಾಲು ಕಟ್ಟಿ ಒತ್ಕಂಡು ಓಯ್ತಾರಂತೆ!"

"ಎಲ್ಲಿಗವ್ವಾ?"

"ಗಡಿಯಾಚೆ ಯಾವ್ದೋ ಮಂತ್ರ ಆಕೋರ ಮನ್ಗೆ. ಅಲ್ಲಿ ಸರಪಣಿ ಆಕಿ ಕೂರುಸ್ತಾರಂತೆ ಕಣಕ್ಕ."

"ನಾವು ಬರಗಂಟ ಬಾಗ್ಲು ಮುಟ್ಟಾಕ್ ಬುಡ್ಬೇಡ. ಕಾಪಿ ಕಾಸು, ಎಲ್ಲಾರ್ಗೂ ಕುಡು, ಇನ್ನೊಂದ್ಸಲ ಕಾಸು," ಅಂದು ಪುಷ್ಪ ಫೋನಿಟ್ಟು, ಶಾಂತಮೂರ್ತಿಯ ಬೆನ್ನಿಗೆ ಗುದ್ದಿದಳು. "ಓಡ್ಸ್ಲಾ ಬೇಗ!"

ಕೌದಳ್ಳಿ ದಾಟಿ ಎಡಕ್ಕೆ ಮಣ್ಣಿನ ದಾರಿ. ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಮನೆ, ಮನೆಗೆ ಹೊಂದಿಕೊಂಡ ಹಾಗೆ ಉದ್ದನೆಯ ಶೀಟಿನ ರೇಷ್ಮೆಹುಳುವಿನ ಮನೆ. ಅಂಗಳದಲ್ಲಿ ಒಂದು ಸಾಮಾನು ಸಾಗಿಸುವ ಟೆಂಪೊ. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು, ಕೆನ್ನೆಯೊಳಗೆ ಹೊಗೆಸೊಪ್ಪು ಒತ್ತರಿಸಿಕೊಂಡು, ಪಕ್ಕದಲ್ಲಿ ಸುರುಳಿ ಸುತ್ತಿದ ಹಗ್ಗ ಇಟ್ಟುಕೊಂಡು ಕೂತಿದ್ದ ಮುದುಕನೇ ಸೋದರಮಾವ ಕೆಂಪನಂಜಪ್ಪ. ಅವನ ಎದುರು ಹಣೆ ಉಜ್ಜಿಕೊಳ್ಳುತ್ತ ನಿಂತವನು ಹುಷಾರಿಲ್ಲದವನ ಅಣ್ಣ ಮಲ್ಲಿಕಾರ್ಜುನಸ್ವಾಮಿ. ಒಳಗೆ ಅಗುಳಿ ಹಾಕಿಕೊಂಡವನು ಭವ್ಯಳ ಗಂಡ ಶಿವರುದ್ರಸ್ವಾಮಿ.

ವಿಷಯ ತಿಳಿಯುವುದಕ್ಕೆ ಹೊತ್ತೇನೂ ಹಿಡಿಯಲಿಲ್ಲ, ಮಾವ, ಅಣ್ಣ, ಭವ್ಯ ಮೂವರೂ ಒಟ್ಟಿಗೇ ಮಾತಾಡಿದರು. ರುದ್ರನಿಗೆ ವಾರದಿಂದ ನಿದ್ದೆಯಿಲ್ಲ. ಯಾರೋ ಹುಳುವಿಗೆ ವಿಷ ಹಾಕಲು ಬರುತ್ತಿದ್ದಾರೆ ಅಂತ ಕಿವಿಯಲ್ಲಿ ದನಿ ಕೇಳುತ್ತದಂತೆ. ನಿನ್ನೆಯಿಂದ ಹುಳುವಿನ ಮನೆ ಸೇರಿ ಅಗುಳಿ ಹಾಕಿದವನು ತೆಗೆದಿಲ್ಲ. ಅದರ ಮೇಲೆ ಇವತ್ತೇ ಹುಳು ಹಣ್ಣಾಗುತ್ತಿವೆ. ಸೊಪ್ಪು ತಿನ್ನುವುದು ಬಿಟ್ಟು, ಮೈ ತಿಳಿಹಳದಿಗೆ ತಿರುಗಿ, ನೂಲು ಬಿಡಲು ತಲೆಯೆತ್ತುವ ಹೊತ್ತು. ಆಗ ಅವನ್ನು ಒಂದೊಂದಾಗಿ ಆಯ್ದು, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಸುತ್ತಿ ಕೆಟ್ಟುಹೋಗುತ್ತವೆ.

"ಒಬ್ನೇ ಎಷ್ಟು ಆಯ್ದಾನು?" ಅಂದ ಮಲ್ಲಿಕಾರ್ಜುನಸ್ವಾಮಿ. "ನಮ್ಮನ್ನೂ ಒಳೀಕ್ ಬುಡಕಿಲ್ಲ. ನಾನೇ ವಿಸ ಆಕೋನಂತೆ. ಒಡುಟ್ಟಿದ್ ಅಣ್ಣ ಕಣ್ರಿ ನಾನು!"

"ಮಾತಾಡಿ ಆಯ್ತು. ಇನ್ನು ಒಡಿಯದೇಯ," ಅಂದ ಕೆಂಪನಂಜಪ್ಪ.

"ಅಪ್ಪಾಜಿ, ಒಂಚೂರು ತಡೀರಿ. ನಾನು ಮಾತಾಡ್ತೀನಿ. ಆಗ್ನಿಲ್ಲ ಅಂದ್ರೆ ನೂರೆಂಟು ಆಂಬುಲೆನ್ಸು ಕರೆಯನ. ಕೊಳ್ಳೇಗಾಲದ ಡಾಕ್ಟ್ರು ಸಂಜೆಗಂಟ ಇರ್ತೀನಿ ಅಂದವ್ರೆ," ಅಂದಳು ಪುಷ್ಪ. ತಾನು ಚಿಕ್ಕವಳಿದ್ದಾಗ ಇಂಥದೇ ಒಂದು ಮುಚ್ಚಿದ ಬಾಗಿಲ ಮುಂದೆ ಎಷ್ಟು ದಿನ ಕೂತಿದ್ದಳು! ಆಗ ಯಾರೂ ಬಂದಿರಲಿಲ್ಲ. ಇವತ್ತು ತಾನು ಬಂದಿದ್ದಾಳೆ. ಈ ಹುಡುಗ ಹಗ್ಗದಲ್ಲಿ ಹೋಗಬಾರದು. ತನ್ನ ಕಾಲಲ್ಲಿ ನಡೆದುಕೊಂಡು ಹೋಗಬೇಕು. ಅಷ್ಟೇ.

ದಡದಡನೆ ಕಿಟಕಿಯ ಹತ್ತಿರ ಹೋಗಿ, ಜಾಲರಿಗೆ ಮುಖ ಒಡ್ಡಿ, "ರುದ್ರಪ್ಪಾ, ನಾನು ಪುಷ್ಪ ಅಂತ. ಯಳಂದೂರ್ನೋಳು," ಅಂದಳೋ ಇಲ್ಲವೋ, ಒಳಗಿನಿಂದ ಕಿರುಚಿದ ಸದ್ದು ಬಂತು.

"ವಿಸ! ವಿಸದ್ ವಾಸ್ನೆ! ಬಂದ್ರು, ಬಂದ್ಬುಟ್ರು!"

ದಬಾರನೆ ಕಿಟಕಿಯ ಬಾಗಿಲು ಬಡಿಯಿತು. ಒಳಗೆ ಏನೋ ಎಳೆದು ಬಾಗಿಲಿಗೆ ಅಡ್ಡ ಇಟ್ಟ ಶಬ್ದ.

ಭವ್ಯ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಅಕ್ಕ, ಊವ ಮುಡ್ಕಂಡು, ಪೌಡ್ರು ಬಳ್ಕಂಡು ಉಳದ್ ಮನೆ ತಾವ್ಕ ಓದ್ರಾ? ಉಳುಕ್ಕೆ ಗಾಟು ವಾಸ್ನೆ ಆಗಕಿಲ್ಲ!"

ರೇಷ್ಮೆ ಸಾಕುವವರ ಮನೆಯಲ್ಲಿ ಮಗುವಿಗೂ ಗೊತ್ತಿರುವ ಮಾತು. ಪುಷ್ಪಳ ಕೈಗೆ ಬಂದದ್ದು ಬರೀ ಹೊಲಿಯುವ ಬಟ್ಟೆ, ಹುಳುವನ್ನು ಅವಳು ಯಾವತ್ತು ಕಂಡಿದ್ದಳು? ಹಾಗಂತ ಸಮಾಧಾನ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಬಲೇ ಬಂದ್ಲಪ್ಪ ಜೊತ್ಗಾರ್ತಿ!" ಕೆಂಪನಂಜಪ್ಪ ಹಗ್ಗ ಎತ್ತಿಕೊಂಡು ಎದ್ದೇಬಿಟ್ಟ. "ಒಂಚೂರು ಕೆಟ್ಟಿತ್ತು, ಪೂರ್ತಿ ಕೆಡ್ಸಾಕಿದ್ಲು. ಮಲ್ಲಾ, ತತ್ತಾ ಆ ಹಾರೆಯ."

ಮಲ್ಲಿಕಾರ್ಜುನಸ್ವಾಮಿ ಹಾರೆ ತಂದ. ಪುಷ್ಪಳಿಗೆ ನೆಲವೇ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಶಾಂತಮೂರ್ತಿ ಹತ್ತಿರ ಬಂದು ಮೆಲ್ಲಗೆ, "ಅಕ್ಕ, ಅವ್ನು ಯೋಳಿದ್ರಲ್ಲಿ ಸುಳ್ಳೇನದೆ? ವಾಸ್ನೆ ಇತ್ತಲ್ಲ," ಅಂದ.

ಇತ್ತಲ್ಲ! ಮನೆಯವರೆಲ್ಲ ವಾರದಿಂದ 'ಏನೂ ಇಲ್ಲ ಕಣ್ಲಾ, ಎಲ್ಲ ನಿನ್ ಭ್ರಮೆ' ಅಂತಲೇ ಹೇಳುತ್ತಿದ್ದರು. ಪುಷ್ಪ ಮಲ್ಲಿಗೆಯನ್ನು ಕಿತ್ತು ಅಷ್ಟು ದೂರ ಎಸೆದಳು. ಹಾರೆ ಹಿಡಿದವನನ್ನು ದಾಟಿಕೊಂಡು ತೊಟ್ಟಿಗೆ ಓಡಿ, ಚೊಂಬಿನಲ್ಲಿ ನೀರು ಮೊಗೆದು ಮುಖ, ಕತ್ತು, ಕಿವಿಯ ಹಿಂದೆ ಎಲ್ಲ ತಿಕ್ಕಿ ತಿಕ್ಕಿ ತೊಳೆದಳು. ಇಸ್ತ್ರಿ ಸೀರೆ ಮುದ್ದೆಯಾಯಿತು. ಹಾಗೇ ತೊಟ್ಟಿಕ್ಕಿಕೊಂಡು ಬಂದು, ಬಾಗಿಲಿನಿಂದ ನಾಲ್ಕು ಮಾರು ದೂರದಲ್ಲೇ ನಿಂತಳು.

"ರುದ್ರಪ್ಪಾ! ನಂದೇ ತಪ್ಪು ಕಣಪ್ಪ. ಊವ ಬಿಸಾಕ್ದೆ. ಪೌಡ್ರು ತೊಳ್ಕಂಡೆ. ನಂಗೆ ಗೊತ್ತಿರ್ನಿಲ್ಲ. ಇನ್ನೇನ್ ಮಾಡ್ಬೇಕು, ನೀನೇ ಯೋಳು."

ಕೆಂಪನಂಜಪ್ಪ ಬಾಯಿ ತೆಗೆಯಹೋದ, ಭವ್ಯ ಅವನ ಕೈಗೆ ಇನ್ನೊಂದು ಲೋಟ ಕಾಫಿ ತುರುಕಿದಳು.

ಆ ಲೋಟ ಖಾಲಿಯಾಗುವ ಹೊತ್ತಿಗೆ ಒಳಗಿನಿಂದ ಒಣಗಿದ ದನಿ ಬಂತು. "ನೀವು ಆಸ್ಪತ್ರೆಯೋರಾ?"

ಶಾಂತಮೂರ್ತಿ ಪುಷ್ಪಳನ್ನು ನೋಡಿದ. 'ಅಲ್ಲ' ಅಂದುಬಿಟ್ಟರೆ ಬಾಗಿಲು ತೆರೆಯಬಹುದು. ಪುಷ್ಪ ಬಾಗಿಲ ಕಡೆಗೇ ತಿರುಗಿದಳು.

"ಆಸ್ಪತ್ರೆಯೋಳಲ್ಲ. ಆದ್ರೆ ಆಸ್ಪತ್ರೆಗೆ ಓದ್ರೆ ನಿಂಗೆ ನಿದ್ದೆ ಬತ್ತದೆ ಅಂತ ಯೋಳಕ್ಕೇ ಬಂದಿರದು. ಸುಳ್ ಯೋಳಕಿಲ್ಲ. ನೀನು ಊ ಅನ್ನಗಂಟ ಮೈ ಮುಟ್ಟಕ್ಕೂ ಬುಡಕಿಲ್ಲ."

"ಮಾವ ಒಗೆಸೊಪ್ಪು ಆಕ್ಕಂಡವ್ನೆ. ಅದೂ ವಿಸವೇ."

ಎಲ್ಲರ ಕಣ್ಣೂ ಕೆಂಪನಂಜಪ್ಪನ ಉಬ್ಬಿದ ಕೆನ್ನೆಯ ಮೇಲೆ ನೆಟ್ಟವು.

"ಲೇ, ನಂಗೇ ಯೋಳ್ತಾನಲ್ಲ ಇವ್ನು!"

"ಉಗೀರಿ ಅಪ್ಪಾಜಿ," ಅಂದಳು ಪುಷ್ಪ.

"ಉಗೀರಿ ಮಾವ," ಅಂದಳು ಭವ್ಯ.

ಮಲ್ಲಿಕಾರ್ಜುನಸ್ವಾಮಿ ಹಾರೆಯನ್ನು ಗೋಡೆಗೆ ಒರಗಿಸಿ, ತಾನೇ ಚೊಂಬಿನಲ್ಲಿ ನೀರು ತಂದು ಹಿಡಿದ. "ಒಗೆಸೊಪ್ಪು ಉಳುಕ್ಕೆ ಆಗಕಿಲ್ಲ ಅನ್ನದು ದಿಟವೇ ಅಲ್ವಾ ಮಾವ? ನೀವೇ ನಮ್ಗೆ ಕಲ್ಸಿದ್ದು."

ಮುದುಕ ಎಲ್ಲರನ್ನೂ ಒಮ್ಮೆ ಉರಿಗಣ್ಣಿನಲ್ಲಿ ನೋಡಿ, ತಿಪ್ಪೆಯ ಕಡೆ ಹೋಗಿ ಉಗಿದು, ಗಳಗಳ ಬಾಯಿ ಮುಕ್ಕಳಿಸಿದ. ಆಮೇಲೆ ಒಳಗಿನಿಂದ ಒಂದೊಂದೇ ಅಪ್ಪಣೆ ಬರತೊಡಗಿತು. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲದ್ದಬೇಕು. ಕೈಗೆ ಸೋಪು. ಜೇಬಿನಲ್ಲಿ ಇರುವುದನ್ನೆಲ್ಲ ಜಗಲಿಯ ಮೇಲಿಡಬೇಕು. ಕೆಂಪನಂಜಪ್ಪ ಗೊಣಗುತ್ತಲೇ ಕಾಲದ್ದಿದ. ಆ ಗೊಣಗಾಟದ ನಡುವೆಯೇ ಅಗುಳಿ ಕಿರ್ರೆಂದಿತು.

ಬಾಗಿಲಲ್ಲಿ ನಿಂತ ಹುಡುಗನ ಕಣ್ಣು ಕೆಂಡವಾಗಿದ್ದವು, ತುಟಿ ಒಡೆದಿತ್ತು. ಅವನ ಹಿಂದೆ ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ಹಳದಿ ತಲೆಯೆತ್ತಿ ಗಾಳಿಯಲ್ಲಿ ಏನೋ ಹುಡುಕುತ್ತಿದ್ದವು. ಆಯ್ದು ತುಂಬಿದ್ದ ಚಂದ್ರಿಕೆ ಬೆರಳೆಣಿಕೆಯಷ್ಟು. ಮಿಕ್ಕಿದ್ದೆಲ್ಲ ಬಾಕಿ.

"ಆಗ್ತಾ ಇಲ್ಲ ಕಣಣ್ಣ," ಅಂದ ರುದ್ರ, ಅಣ್ಣನಿಗೆ. "ಕೈ ನಡುಗ್ತದೆ."

ಮಲ್ಲಿಕಾರ್ಜುನಸ್ವಾಮಿ ಅಂಗಿಯ ತೋಳು ಮಡಚಿದ.

ಆಮೇಲಿನದು ಹಬ್ಬವೇ ಸರಿ! ಆಸ್ಪತ್ರೆಯ ಮಾತನ್ನು ಪುಷ್ಪ ಎತ್ತಲಿಲ್ಲ, ಯಾರಿಗೂ ಎತ್ತಲು ಬಿಡಲೂ ಇಲ್ಲ. ಆರು ಜನ ಸಾಲಾಗಿ ಕೂತು ಹುಳು ಆಯ್ದರು. ಮೊದಲ ಹುಳು ಅಂಗೈ ಮೇಲೆ ಹರಿದಾಗ ಪುಷ್ಪ ಕಚಗುಳಿ ತಡೆಯಲಾರದೆ ಕಿಟಾರನೆ ಕಿರುಚಿದಳು. ಎಲ್ಲರೂ ನಕ್ಕರು.

"ಕೂಗ್ಬೇಡಿ ಅಕ್ಕ, ಎದ್ರುಕತವೆ," ಅಂದ ರುದ್ರ. ಅವನ ತುಟಿಯ ಮೂಲೆಯೂ ಒಂದಿಷ್ಟು ಅಲುಗಿತ್ತು. "ಅದು ಹಣ್ಣಾಗಿಲ್ಲ, ವಾಪಸ್ ಬುಡಿ. ಇದು ನೋಡಿ, ಗಾಜ್ನಂಗೆ ಕಾಣ್ತದಲ್ಲ, ಇದು."

ಭವ್ಯ ಹುಳು ಆಯುತ್ತಲೇ ಗಂಡನ ಬಾಯಿಗೆ ಮಜ್ಜಿಗೆ ಲೋಟ ಹಿಡಿದಳು. ಅವನು ಮೊದಲು ಅವಳು ಕುಡಿದು ತೋರಿಸಲಿ ಅಂದ. ಅವಳು ಕಣ್ಣೊರೆಸಿಕೊಂಡು ಅರ್ಧ ಲೋಟ ಕುಡಿದಳು. ಮಿಕ್ಕಿದ್ದನ್ನು ಅವನು ಗಟಗಟ ಕುಡಿದ.

ಶಾಂತಮೂರ್ತಿ ಅವನ ಪಕ್ಕದಲ್ಲೇ ಕೂತಿದ್ದ. ಬೆರಳು ಹುಳುವಿನ ಮೇಲೆ, ಕಣ್ಣೂ ಹುಳುವಿನ ಮೇಲೆ. "ನಂಗೆ ಸೀರೆ ಮಾತಾಡ್ತಿದ್ವು ಕಣ್ಲಾ ರುದ್ರ," ಅಂದ, ಹವಾಮಾನ ಹೇಳುವವನ ಹಾಗೆ. "ಅಂಗ್ಡಿ ಬೀರು ತೆಗುದ್ರೆ ಸಾಕು, ಎಲ್ಲಾ ಒಟ್ಗೇ ಬೈಯವು."

ರುದ್ರನ ಕೈ ನಿಂತಿತು. "ಏನಂತ ಬೈಯವು?"

"ಬ್ಯಾಡ ಬುಡು, ಎಂಗುಸ್ರು ಅವ್ರೆ."

"ಈಗ?"

"ಈಗ ರಾತ್ರಿ ಒಂದ್ ಗುಳಿಗೆ ತಕಂತೀನಿ. ಸೀರೆ ಸುಮ್ನಿರ್ತವೆ. ಯಾವಾಗ್ಲೋ ಒಂದ್ಸಲ ಗುಸುಗುಸು ಅಂತವೆ, ನಾನು ಲೆಕ್ಕಕ್ ಇಟ್ಕಣದಿಲ್ಲ. ಮೊದ್ಲು ಬಂದಿದ್ದು ನಿದ್ದೆ ಕಣ್ಲಾ. ಆ ನಿದ್ದೆ ಇದ್ಯಲ್ಲಾ..."

ಚಂದ್ರಿಕೆಗಳು ಒಂದಾದ ಮೇಲೊಂದು ತುಂಬಿ ಗೋಡೆಗೆ ಒರಗಿದವು. ಹೊತ್ತು ಇಳಿಯುವ ಮುಂಚೆ ಕೊನೆಯ ತಟ್ಟೆಯೂ ಖಾಲಿಯಾಯಿತು. ರುದ್ರ ಬರಿದಾದ ತಟ್ಟೆಯನ್ನೇ ನೋಡುತ್ತ, "ನಂಗೆ ಮನಿಕಬೇಕು. ಆಗ್ತಾ ಇಲ್ಲ," ಅಂದ. "ಗುಳಿಗೆ ಎಲ್ಲಿ ಕುಡ್ತಾರೆ?"

ಪುಷ್ಪಳಿಗೆ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ. "ಕೊಳ್ಳೇಗಾಲದಲ್ಲಿ. ಓಗನಾ?" ಅಂದಳು ಅಷ್ಟೇ.

"ಗೂಡು ಯಾರ್ ಕಾಯ್ತಾರೆ?"

"ನಾನು ಇಲ್ಲೇ ಬಾಗ್ಲಲ್ಲಿ ಮನಿಕತೀನಿ," ಅಂದ ಮಲ್ಲಿಕಾರ್ಜುನಸ್ವಾಮಿ. "ಕಾಲ್ ತೊಳ್ಕಂಡು."

ಟೆಂಪೊ ಡ್ರೈವರು ಗಾಡಿ ತಿರುಗಿಸಿದ. ಭವ್ಯ ಮುಂದಿನ ಸೀಟಿನಲ್ಲಿ ಒಳಕ್ಕೆ ಸರಿದು ಕೂತಳು. ರುದ್ರ ಒಂದು ಕಾಲು ಮೇಲಿಟ್ಟು ತಟಕ್ಕನೆ ನಿಂತುಬಿಟ್ಟ. ಮುಖದ ಬಣ್ಣವೇ ಬದಲಾಯಿತು. "ಕಿವೀಲಿ ಬ್ಯಾಡ ಅಂತಾವ್ರೆ. ಓದ್ರೆ ಸತ್ತೋಯ್ತೀಯ ಅಂತಾವ್ರೆ."

ಕೆಂಪನಂಜಪ್ಪ ಹಿಂದಿನಿಂದ ಬಂದು ಎರಡೂ ಕೈ ಚಾಚಿದ. ಒಂದು ನೂಕು, ಮುಗಿದೇ ಹೋಗುತ್ತಿತ್ತು. ಪುಷ್ಪ ನುಗ್ಗಿ ಅವನ ಅಂಗಿ ಹಿಡಿದೆಳೆದಳು. "ಬ್ಯಾಡಿ ಅಪ್ಪಾಜಿ! ಮುಟ್ಟಕಿಲ್ಲ ಅಂತ ಮಾತು ಕೊಟ್ಟಿವ್ನಿ!"

"ಇಷ್ಟೊತ್ ಮಾಡಿದ್ದೆಲ್ಲ ನೀರ್ಗೋಯ್ತದಲ್ಲಮ್ಮ!"

"ಓಗ್ಲಿ! ನೀರ್ಗೋದ್ರೆ ಮತ್ತೆ ಮೊದ್ಲಿಂದ ಕೂರನ!"

ಶಾಂತಮೂರ್ತಿ ಸ್ಕೂಟರಿನ ಮೇಲೆ ಕೂತಲ್ಲಿಂದಲೇ ಕೇಳಿದ. "ಇನ್ನೂ ಏನಂತಾವ್ರೆ?"

"ಡಾಕ್ಟ್ರು ವಿಸ ಕುಡ್ತಾನೆ ಅಂತಾವ್ರೆ."

"ನಂಗೂ ಅಂಗೇ ಅಂದಿದ್ರು. ಸರಿ, ನೀವೂ ಬನ್ನಿ, ಡಾಕ್ಟ್ರು ಎದ್ರುಗೇ ಯೋಳೀರಂತೆ ಅಂದೆ. ಕರ್ಕಂಡೇ ಓದೆ."

ಭವ್ಯ ಒಳಗಿನಿಂದ ಕೈ ಚಾಚಿ ಹಾಗೇ ಹಿಡಿದಿದ್ದಳು, ಎಳೆಯಲಿಲ್ಲ. ರುದ್ರ ಒಮ್ಮೆ ಹುಳುವಿನ ಮನೆಯ ಕಡೆ ತಿರುಗಿ, ಬಾಗಿಲಲ್ಲಿ ಚಕ್ಕಂಬಕ್ಕಳ ಹಾಕಿ ಕೂತ ಅಣ್ಣನನ್ನು ನೋಡಿ, ಇನ್ನೊಂದು ಕಾಲನ್ನೂ ಮೇಲಿಟ್ಟ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ಕಾದೇ ಇದ್ದರು. ಕೋಣೆಗೆ ನುಗ್ಗಿದ ಅಷ್ಟೂ ಜನರನ್ನು ಕನ್ನಡಕದ ಮೇಲಿಂದ ನೋಡಿ, "ಪೇಷೆಂಟ್‌ನ ಯಾರು ಕರ್ಕೊಂಡು ಬಂದ್ರಿ?" ಅಂದರು.

ಟೆಂಪೊದ ಹಿಂದೆ ಕೂತು ಬಂದಿದ್ದ ಕೆಂಪನಂಜಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ಅವನಿಗಿಂತ ಮೊದಲೇ ರುದ್ರ ಕುರ್ಚಿ ಎಳೆದು ಕೂತಿದ್ದ.

"ನಾನೇ ಬಂದೆ ಸಾ. ಇವ್ರೆಲ್ಲಾ ನನ್ ಜೊತೆ ಬಂದವ್ರೆ."

ಪುಷ್ಪ ಹೊರಗೆ ಓಡಿದಳು. ಕಾರಿಡಾರಿನ ತುದಿ ತಲುಪುವವರೆಗೆ ಬಾಯಿ ಮುಚ್ಚಿಕೊಂಡಿದ್ದಳು, ಆಮೇಲೆ ಆಗಲಿಲ್ಲ. ಸುಕ್ಕುಗಟ್ಟಿದ ಸೀರೆಯಲ್ಲಿ, ಬ್ಲೀಚಿಂಗ್ ನಾರುವ ಕಾಲಲ್ಲಿ ಅಲ್ಲೇ ಎರಡು ಸಲ ಕುಪ್ಪಳಿಸಿ, ಗಟ್ಟಿಯಾಗಿ ನಕ್ಕುಬಿಟ್ಟಳು.

"ಏಯ್, ಯಾರಮ್ಮ ಅದು? ಇದು ಆಸ್ಪತ್ರೆ ಅನ್ನೋದು ಗೊತ್ತಿಲ್ವಾ?" ನರ್ಸಮ್ಮ ಗದರಿದಳು.

"ಗೊತ್ತು ಕಣಕ್ಕ, ಗೊತ್ತು!" ಅಂದು ಪುಷ್ಪ ಇನ್ನೂ ನಗುತ್ತಲೇ ಯಳಂದೂರಿಗೆ ಫೋನು ಹಚ್ಚಿದಳು. "ಅವ್ವಾ! ಅವ್ವಾ, ಕೇಳುಸ್ಕ! ನಡ್ಕಂಡ್ ಬಂದ ಕಣವ್ವಾ!"