ಮೂರನೆಯ ಕೂಗು

ಗುರುಸಿದ್ದಯ್ಯನವರು ಯಾರನ್ನೇ ಆಗಲಿ ಮೂರು ಸಲ ಕರೆಯುತ್ತಾರೆ. ಮೊದಲನೆಯ ಕರೆಗೇ ಓಗೊಟ್ಟು, ಎರಡನೆಯದಕ್ಕೆ ಎದ್ದು ಬಂದು ಎದುರಿಗೆ ನಿಂತಿದ್ದರೂ, ಮೂರನೆಯದನ್ನು ನಿಮ್ಮ ಮುಖದ ಮೇಲೆಯೇ ಕೂಗಿ ಮುಗಿಸಿ ಆಮೇಲೆ ಮಾತಿಗೆ ತೊಡಗುತ್ತಾರೆ. ಮರಳೂರಿನ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವಳಿಂದ ಹಿಡಿದು ವಿದ್ಯುತ್ ಬಿಲ್ಲು ಕೊಡಲು ಬರುವವನ ತನಕ ಈ ಮೂರು ಕೂಗಿನ ರುಚಿ ಕಾಣದವರಿಲ್ಲ. ಸೊಸೆ ಅಕ್ಷತಾ ಮದುವೆಯಾಗಿ ಬಂದ ಹೊಸದರಲ್ಲಿ, "ಇಲ್ಲೇ ಇದೀನಲ್ಲ ಮಾವ, ನಂಗೇನ್ ಕಿವುಡಾ?" ಎಂದು ಮುನಿಸಿಕೊಂಡಿದ್ದಳಂತೆ. ಈಗ ಅವಳೂ ಮೂರನೆಯದು ಮುಗಿಯುವ ತನಕ ಸೌಟು ಹಿಡಿದುಕೊಂಡು ಸುಮ್ಮನೆ ಕಾಯುತ್ತಾಳೆ.

ಮೂವತ್ತನಾಲ್ಕು ವರ್ಷ ಅವರು ನ್ಯಾಯಾಲಯದ ದಲಾಯತರಾಗಿದ್ದವರು. ಬಿಳಿಯ ಉಡುಪು, ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ನ್ಯಾಯಾಧೀಶರು ಬರುವಾಗ ಮುಂದೆ ನಡೆದು ದಾರಿ ಬಿಡಿಸುವುದು, ಪ್ರಕರಣದ ಸರದಿ ಬಂದಾಗ ಬಾಗಿಲಿಗೆ ಬಂದು ಕಕ್ಷಿದಾರರ ಹೆಸರು ಕೂಗುವುದು, ಇದು ಅವರ ಕೆಲಸ. ಮೂಲತಃ ಗುಬ್ಬಿಯವರು, ಗಂಟಲು ಹುಟ್ಟಿನಿಂದಲೇ ಬಂದದ್ದು. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ನಡಿಗೆ ನಿವೃತ್ತವಾಗಿಲ್ಲ. ಬಲಗೈಯನ್ನು ತುಸು ಮುಂಚಾಚಿ, ಹಿಂದೆ ಯಾರೋ ದೊಡ್ಡವರು ಬರುತ್ತಿದ್ದಾರೆಂಬಂತೆ ಗಂಭೀರವಾಗಿ ಅವರು ಹಾಲು ತರಲು ಹೊರಟರೆ ಬೀದಿಯ ನಾಯಿಗಳು ಎದ್ದು ಪಕ್ಕಕ್ಕೆ ಸರಿಯುತ್ತವೆ. ಹಿಂದೆ ನೋಡಿದರೆ ಯಾರೂ ಇರುವುದಿಲ್ಲ.

ಇಂಥವರ ಮನೆಗೆ ಕಳೆದ ವರ್ಷ 'ಹದಿನೇಳನೆಯ ಮೈಲಿಗಲ್ಲು' ಎಂಬ ಪತ್ತೇದಾರಿ ಧಾರಾವಾಹಿ ಬಂದು ಕುಳಿತಿತು. ಶನಿವಾರ, ಭಾನುವಾರ ಸಂಜೆ ಆರಕ್ಕೆ. ಮೊದಲ ಸೀಸನ್ನಿನಲ್ಲಿ ಬರೀ ಪೊಲೀಸರು, ಜೀಪು, ಓಟ. ಅದನ್ನು ಅವರು ಆನಂದದಿಂದಲೇ ನೋಡಿದ್ದರು. ಎರಡನೆಯ ಸೀಸನ್ನಿನಲ್ಲಿ ಕಥೆ ನ್ಯಾಯಾಲಯದ ಮೆಟ್ಟಿಲೇರುತ್ತದೆಂದು ಜಾಹೀರಾತು ಬಂದಾಗ, ವಕೀಲರೊಬ್ಬರು ಹಿಂದೆಂದೋ ಕೊಟ್ಟಿದ್ದ ಕರಿಯ ಕೋಟನ್ನು ಟ್ರಂಕಿನಿಂದ ತೆಗೆಸಿ, ಬಿಸಿಲಿಗೆ ಹಾಕಿಸಿ, ಇಲ್ಲದ ಎರಡು ಗುಂಡಿಗಳನ್ನು ಅಕ್ಷತಾಳಿಂದ ಹೊಲಿಸಿಕೊಂಡು, ಆರು ಗಂಟೆಗೆ ಐದು ನಿಮಿಷವಿರುವಾಗ ಅದನ್ನು ತೊಟ್ಟು ಟೀವಿಯ ಮುಂದೆ ಕುಳಿತರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಾದ ನನಗೂ ಮೂರು ಸಲ ಕೂಗಿ ಕರೆ ಬಂತು; ಎಂದಿನಂತೆ ಕಾಫಿಯೂ ಬಂತು, ಆ ಮನೆಯಲ್ಲಿ ಟೀ ಮಾಡುವುದಿಲ್ಲ.

ಕಥೆ ಇಷ್ಟು: ಗಿರಣಿಯ ಸಾಹುಕಾರನೊಬ್ಬನ ಕೊಲೆಯಾಗಿದೆ. ಕಾವಲುಗಾರ ಕಾಳಯ್ಯನನ್ನು ಹಿಡಿದಿದ್ದಾರೆ. ಅವನು ನಿರಪರಾಧಿ, ಕೊಲೆಯ ಹೊತ್ತಿನಲ್ಲಿ ಅವನು ಬೇರೆ ಕಡೆ ಇದ್ದದ್ದನ್ನು ಕಂಡವಳು ಹೂ ಮಾರುವ ಚಂದ್ರಮ್ಮ ಒಬ್ಬಳೇ. ಅವಳು ಬಂದು ಸಾಕ್ಷಿ ಹೇಳಿದರೆ ಅವನು ಉಳಿದ, ಇಲ್ಲದಿದ್ದರೆ ಇಲ್ಲ.

ನ್ಯಾಯಾಲಯದ ಮೊದಲ ದೃಶ್ಯದಲ್ಲಿಯೇ ಗುರುಸಿದ್ದಯ್ಯನವರು ಕೆರಳಿದರು. ನ್ಯಾಯಾಧೀಶರು ಮರದ ಸುತ್ತಿಗೆಯಿಂದ ಮೇಜು ಕುಟ್ಟಿದ್ದರು.

"ಮೂವತ್ನಾಲ್ಕು ವರ್ಷದಲ್ಲಿ ನಾನೊಂದ್ ಸುತ್ತಿಗೆ ಕಂಡಿಲ್ಲ ಮೇಷ್ಟ್ರೇ! ಅದೇನು ಕೋರ್ಟೋ, ಬಡಗಿ ಅಂಗಡಿಯೋ?"

"ಅದು ಕಥೆ ಮಾವ" ಎಂದಳು ಅಕ್ಷತಾ.

"ಕಥೆ ಆದ್ರೆ? ಕಥೇಲಿ ದೋಸೆ ಹುಯ್ಯೋಕೆ ಇಸ್ತ್ರಿ ಪೆಟ್ಟಿಗೆ ಇಟ್ರೆ ನೀನು ಸುಮ್ನಿರ್ತೀಯೇನಮ್ಮ?"

ವಕೀಲರು ಸಾಕ್ಷಿಯ ಕಟಕಟೆಗೆ ಒರಗಿ ನಿಂತದ್ದು ತಪ್ಪು. ಆರೋಪಿಯ ತಾಯಿ ನಡುವೆ ನುಗ್ಗಿ ಹಾಡಿನಂತೆ ಅತ್ತದ್ದು ತಪ್ಪು. ಅಂತರಸನಹಳ್ಳಿಯ ಕಾರ್ಖಾನೆಯಿಂದ ಆಗತಾನೆ ಬಂದು ಶೂ ಬಿಚ್ಚುತ್ತಿದ್ದ ಮಗ ಸಂಗಮೇಶ, "ಅಪ್ಪಾ, ಇಷ್ಟು ಬೈಯೋದಾದ್ರೆ ಯಾಕ್ ನೋಡ್ತೀಯ? ಚಾನೆಲ್ ಬದಲಾಯಿಸು" ಎಂದರೆ, "ನಾನ್ ನೋಡ್ದೆ ಹೋದ್ರೆ ಕಾಳಯ್ಯನ್ ಕಡೆ ಯಾರ್ಲಾ ಅವ್ರೆ?" ಎಂದರು. ತಮಾಷೆಗಲ್ಲ. ಟೀವಿಯಲ್ಲಿ ಆ ಕಾವಲುಗಾರ ಕಟಕಟೆಯಲ್ಲಿ ನಿಂತಾಗಲೆಲ್ಲ ಇವರು ಕೋಟಿನ ಗುಂಡಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಏಳನೆಯ ಕಂತಿನಲ್ಲಿ ಚಂದ್ರಮ್ಮನ ಸಾಕ್ಷ್ಯದ ದಿನ ಬಂತು. ಸಾಹುಕಾರನ ಕಡೆಯವರು ಅವಳನ್ನು ಹೆಬ್ಬಾಗಿಲಲ್ಲಿ ಮಾತಿಗೆ ಹಿಡಿದು ನಿಲ್ಲಿಸಿದ್ದಾರೆ. ಒಳಗಿನಿಂದ ಧಾರಾವಾಹಿಯ ದಲಾಯತ, ಮೀಸೆ ಸರಿಯಾಗಿ ಮೂಡದ ಒಬ್ಬ ಯುವಕ, ಬಾಗಿಲಿಗೆ ಬಂದು "ಚಂದ್ರಮ್ಮ!" ಎಂದು ಒಂದು ಸಲ ಕೂಗಿ ಒಳಕ್ಕೆ ಹೋದ. ನ್ಯಾಯಾಧೀಶರು "ಸಾಕ್ಷಿ ಗೈರುಹಾಜರು" ಎಂದು ಬರೆದರು. ಸುತ್ತಿಗೆ ಬಿತ್ತು.

ಗುರುಸಿದ್ದಯ್ಯನವರು ಎದ್ದು ನಿಂತಿದ್ದರು. "ಇನ್ನೆರಡೆಲ್ಲೋ? ಲೋ, ಇನ್ನೆರಡು ಕೂಗೋ! ಅವಳು ಬಾಗಿಲಲ್ಲೇ ಅವಳೆ ಕಣೋ!" ಎಂದು ಟೀವಿಯವನಿಗೆ ಹೇಳಿದರು, ಆಮೇಲೆ ನನ್ನ ಕಡೆ ತಿರುಗಿ, "ಮೂರು ಸಲ ಕೂಗ್ದೆ ಗೈರು ಬರೆಯೋ ಹಂಗಿಲ್ಲ ಮೇಷ್ಟ್ರೇ. ಬಡವರು ಎಲ್ಲೆಲ್ಲಿಂದಲೋ ಬಂದಿರ್ತಾರೆ. ಒಂದು ಕೂಗು ಕಿವಿಗೆ, ಇನ್ನೊಂದು ಕಾಲಿಗೆ, ಮೂರನೇದು ಧೈರ್ಯಕ್ಕೆ. ಅಷ್ಟೂ ಬೇಕು" ಎಂದರು. ಕಂತು ಮುಗಿದ ಮೇಲೂ ಅವರು ಕೂರಲಿಲ್ಲ. ಅಷ್ಟು ಕೋಪವೇ ಎಂದುಕೊಂಡೆ.

ಮರುದಿನ ಬೆಳಿಗ್ಗೆ ವಾಹಿನಿಯವರಿಗೆ ಪತ್ರ ಬರೆಯಲು ನನ್ನಲ್ಲಿಗೆ ಬಂದರು. ಅವರು ಹೇಳಿದರು, ನಾನು ಬರೆದೆ. ಸುತ್ತಿಗೆಯ ಸುದ್ದಿ ಬೇಡವೆಂದರು; ವಕೀಲರು ಹೇಗಾದರೂ ಒರಗಲಿ ಎಂದರು. ಕೇಳಿದ್ದು ಒಂದೇ: ಮುಂದಿನ ಕಂತಿನಲ್ಲಿ ಯಾರಾದರೂ ವಕೀಲರು ಎದ್ದು, ಮೂರು ಸಲ ಕೂಗಿಲ್ಲವೆಂದು ಹೇಳಿ, ಚಂದ್ರಮ್ಮನನ್ನು ಮತ್ತೆ ಕರೆಸಬೇಕು. ಕಾಳಯ್ಯನಿಗೆ ಶಿಕ್ಷೆಯಾಗಕೂಡದು. ಅಕ್ಷತಾ ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಕಳಿಸಿದಳು. ಎರಡೇ ನಿಮಿಷಕ್ಕೆ ಉತ್ತರ ಬಂತು: 'ನಿಮ್ಮ ಪ್ರೀತಿಗೆ ಧನ್ಯವಾದಗಳು! ನೋಡುತ್ತಿರಿ, ಬಹುಮಾನ ಗೆಲ್ಲುತ್ತಿರಿ!' ಓದಿ ಹೇಳಿದಾಗ ಅವರು ಅದನ್ನು ಇನ್ನೊಮ್ಮೆ ಓದಿಸಿದರು. "ಎರಡು ನಿಮಿಷದಲ್ಲಿ ಓದೋಕಾಗುತ್ತಾ ಮೇಷ್ಟ್ರೇ ಅಷ್ಟನ್ನ? ಅವ್ರೂ ಒಂದೇ ಕೂಗಿನವ್ರು" ಎಂದರು.

ಹತ್ತನೆಯ ಕಂತು ಕೊನೆಯದು. ಯಾರೂ ಎದ್ದು ಹೇಳಲಿಲ್ಲ; ಚಂದ್ರಮ್ಮನನ್ನು ಯಾರೂ ಕರೆಸಲಿಲ್ಲ. ಕಾಳಯ್ಯನಿಗೆ ಜೀವಾವಧಿಯಾಯಿತು. ಪತ್ತೇದಾರ ಕಪ್ಪು ಕನ್ನಡಕ ಹಾಕಿಕೊಂಡು ಸಮುದ್ರ ನೋಡುತ್ತ ನಿಂತ. ಮೂರನೆಯ ಸೀಸನ್ ಸದ್ಯದಲ್ಲೇ ಎಂದು ಅಕ್ಷರ ಬಂತು. ಗುರುಸಿದ್ದಯ್ಯನವರು ಕೋಟು ಕಳಚಿ ನೆಲಕ್ಕೆ ಹಾಕಿ ಜಗಲಿಗೆ ಹೋದರು. ನಾನೂ ಹಿಂದೆಯೇ ಹೋಗಿ, "ಕಟ್ಟುಕತೆ ತಾನೆ ಅಯ್ಯನೋರೇ, ಇಷ್ಟೇಕೆ?" ಎಂದೆ. ಉಪಾಧ್ಯಾಯನಾಗಿದ್ದವನ ಕೆಟ್ಟ ಚಾಳಿ, ಸಮಾಧಾನ ಹೇಳುವುದು.

ಆಗ ಅವರು ಹೇಳಿದರು. ಇಪ್ಪತ್ತಾರು ವರ್ಷದ ಹಿಂದಿನ ಮಾತು. ಯಾವ ತಾಲ್ಲೂಕಿನ ನ್ಯಾಯಾಲಯವೆಂದು ನಾನು ಬರೆಯುವುದಿಲ್ಲ. ಪುಟ್ಟಸಿದ್ದಮ್ಮ ಎಂಬಾಕೆಯ ಬಾವಿದಾರಿಯ ದಾವೆ. ನೆಂಟರೇ ದಾರಿಗೆ ಬೇಲಿ ಹಾಕಿದ್ದರು. ಆ ದಿನ ಆಕೆಯ ವಕೀಲರು ಬೇರೆ ನ್ಯಾಯಾಲಯಕ್ಕೆ ಹೋಗಿದ್ದರು. ಇವರು ಬಾಗಿಲಿಗೆ ಬಂದು, "ಪುಟ್ಟಸಿದ್ದಮ್ಮ ಕೋಂ ಮೂಡ್ಲಗಿರಿಯಪ್ಪಾ" ಎಂದು, ಗಂಡನ ಹೆಸರನ್ನೂ ಸೇರಿಸಿ, ಎರಡು ಸಲ ಕೂಗಿದರು. ಕಿಟಕಿಯ ಮೇಲೆ ಕ್ಯಾಂಟೀನಿನವನು ಇಟ್ಟುಹೋದ ಟೀ ಆರುತ್ತಿತ್ತು. ಒಳಗಿನಿಂದ ಬೆಂಚ್ ಗುಮಾಸ್ತ ಶಿವರಾಮಯ್ಯ, "ಸಾಕು ಬಾರಯ್ಯ, ಎರಡಾಯ್ತಲ್ಲ" ಎಂದರು. ಇವರು ಒಳಗೆ ಬಂದರು. ದಾವೆ ವಜಾ ಆಯಿತು.

"ಶಿವರಾಮಯ್ಯ ಅಂದ್ರು ಅಂತ ಬಂದೆನಾ? ಸುಳ್ಳು ಮೇಷ್ಟ್ರೇ. ಟೀ ಆರ್ತಿತ್ತು."

"ಆಕೆ ಬಂದೇ ಇರಲಿಲ್ಲವೇನೋ" ಎಂದೆ ನಾನು, ಮತ್ತೆ ಅದೇ ಚಾಳಿ.

"ಸಂಜೆ ಬೀಗ ಹಾಕೋವಾಗ ಹೊಂಗೆಮರದ ಕೆಳಗೆ ಇದ್ರು. ಮಡಿಲಲ್ಲಿ ಕೂಸು. ನನ್ನ ನೋಡಿದ್ರು. ನಾನು ಬೀಗ ಎರಡು ಸಲ ಎಳೆದು ನೋಡಿ ಹೊರಟ್ಹೋದೆ."

ಟೀ ಅವರ ಮನೆಯಲ್ಲಿ ಏಕೆ ಇಲ್ಲ, ಬಂದವರಿಗೆಲ್ಲ ಕಾಫಿಯೇ ಏಕೆ, ಬಂದು ಎದುರಿಗೆ ನಿಂತವರಿಗೂ ಮೂರನೆಯ ಕೂಗೇಕೆ, ಎಂಬುದೆಲ್ಲ ನನಗೆ ಆ ಸಂಜೆ ತಿಳಿಯಿತು. ಆಕೆಗೆ ಅಂದು ಕೇಳಿಸಿರಲಿಲ್ಲವೆಂಬುದೊಂದೇ ಅವರು ಹಿಡಿದುಕೊಂಡಿದ್ದ ಊರುಗೋಲು. ಮರದ ಕೆಳಗೆ ದೂರವಾಯಿತು, ಗದ್ದಲವಿತ್ತು, ಮೂರನೆಯದನ್ನು ಕೂಗಿದ್ದರೂ ಕೇಳಿಸುತ್ತಿರಲಿಲ್ಲ. "ಅದೊಂದು ಕೇಳ್ಕೊಂಡ್ ಬರ್ಬೇಕು ಮೇಷ್ಟ್ರೇ, ನೀವೂ ಬನ್ನಿ" ಎಂದರು.

ಕುಣಿಗಲ್ಲಿನಲ್ಲಿ ಛಾಪಾಕಾಗದ ಮಾರುತ್ತಿದ್ದ ಹಳೆಯ ಪರಿಚಯದ ರಾಮಾಂಜಿನಯ್ಯನವರಿಗೆ ಫೋನು ಮಾಡಿ ವಿಚಾರಿಸಿದಾಗ, ಪುಟ್ಟಸಿದ್ದಮ್ಮ ತನ್ನ ಊರು ಬಿಟ್ಟು ಕೊತ್ತಗೆರೆಯಲ್ಲಿ ಮಗಳ ಮನೆಯಲ್ಲಿರುವುದು ತಿಳಿಯಿತು. ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಕೊತ್ತಗೆರೆಯ ಆ ಮನೆಯ ಮುಂದೆ ನಿಂತು ಹೆಸರು ಹಿಡಿದು ಕರೆಯಬೇಕಾದ ಗಳಿಗೆಯಲ್ಲಿ ಗುರುಸಿದ್ದಯ್ಯನವರಿಗೆ ದನಿಯೇ ಏಳಲಿಲ್ಲ. ಮೂರು ತಾಲ್ಲೂಕಿಗೆ ಕೇಳಿಸುವ ಗಂಟಲು ಅದು. ರಾಗಿ ಹಸನು ಮಾಡುತ್ತಿದ್ದ ಮಗಳು ತಾನೇ ತಲೆಯೆತ್ತಿ, "ಯಾರ್ ಬೇಕಿತ್ತು?" ಎಂದಳು.

ಪುಟ್ಟಸಿದ್ದಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ಇವರು ತಾವು ಯಾರೆಂದು ಹೇಳಿ, ಟೀವಿಯಲ್ಲಿ ಕಂಡದ್ದನ್ನು ಹೇಳಿ, ಆ ದಿನವನ್ನು ಹೇಳಿ, ಮೂರನೆಯ ಸಲ ಕೂಗಲಿಲ್ಲವೆಂದು ಹೇಳಿ, "ನಿಮ್ಗೆ ಕೇಳಿಸ್ಲಿಲ್ಲ ಅಲ್ವೇನಮ್ಮ ಅವತ್ತು?" ಎಂದು ಕೇಳಿದರು. ಬೇಡುವವರ ಹಾಗೆ ಕೇಳಿದರು.

"ಕೇಳುಸ್ತಲ್ಲ ಸ್ವಾಮಿ. ಯಾಕ್ ಕೇಳುಸ್ನಿಲ್ಲ? ಎಲ್ಡು ಕಿತಾನೂ ಕೇಳುಸ್ತು."

"ಮತ್ತೆ... ಏಳಲಿಲ್ವಲ್ಲ?"

"ಕೂಸು ಎದೆ ಹಿಡ್ಕಂಡು ಹಾಲು ಕುಡೀತಿತ್ತು. ವಕೀಲ್ರು ಹೇಳಿದ್ರು, ಮೂರ್ ಕಿತ ಕೂಗ್ತಾರೆ ಕಣಮ್ಮ, ಗಾಬ್ರಿ ಬೀಳ್ಬ್ಯಾಡ ಅಂತ. ಮೂರ್ನೇದ್ಕೆ ಎದ್ರಾತು ಅಂತ ಕುಂತಿದ್ದೆ." ಆಕೆ ಸೆರಗಿನಿಂದ ಮೊಣಕಾಲು ಒರೆಸಿಕೊಂಡರು. "ಮೂರ್ನೇದು ಬರ್ನೇ ಇಲ್ಲ. ಸಂಜೆಗಂಟ ಕುಂತಿದ್ದೆ."

ವಕೀಲರು ಮತ್ತೆ ಅರ್ಜಿ ಹಾಕೋಣವೆಂದರಂತೆ. ಕೂಸು ಕಟ್ಟಿಕೊಂಡು ಮತ್ತೆ ಅಲೆಯಲು ಮನೆಯವರು ಬಿಡಲಿಲ್ಲವಂತೆ. ಬೇಲಿ ಅಲ್ಲಿಯೇ ಉಳಿಯಿತು. ಬಾವಿಗೆ ಕೆರೆಯ ಏರಿಯ ಮೇಲೆ ಸುತ್ತಿ ಹೋಗಬೇಕಾಯಿತು, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು, ಹದಿನಾಲ್ಕು ವರ್ಷ. "ಈಗ್ಯಾಕ್ ಬುಡಿ. ಆ ಬಾವಿನೂ ಬತ್ತೋಯ್ತು" ಎಂದರು ಪುಟ್ಟಸಿದ್ದಮ್ಮ.

ಬಿಡಲಿಲ್ಲ ಮಗಳು. ಅಂದು ಮಡಿಲಲ್ಲಿದ್ದ ಕೂಸು ಇವಳೇ. ಮೊರವನ್ನು ಕೆಳಗಿಟ್ಟು, "ನಮ್ಮವ್ವನ್ ಮಂಡಿ ನೋಡಿದ್ರಾ? ಆ ಏರಿ ಮ್ಯಾಲೇ ಸವೆದೋಯ್ತು ಅದು. ನೀವು ಟೀವಿ ನೋಡಿ ಜ್ಞಾಪಕ ಬಂತು ಅಂತ ಬಂದ್ರಾ? ಟೀವಿ ಬರ್ದಿದ್ರೆ?" ಎಂದಳು.

ಗುರುಸಿದ್ದಯ್ಯನವರು ಆ ಮಂಡಿಯ ಕಡೆ ನೋಡಿದರು. ನಾನು, ಮೊದಲ ಸಲ, ಸಮಾಧಾನ ಹೇಳಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು. ಬಾವಿ ಬತ್ತಿತೆಂದು ಹದಿನಾಲ್ಕು ವರ್ಷದ ಸುತ್ತು ಬತ್ತುವುದಿಲ್ಲ. ಬೈದ ಅವಳೇ ಟೀ ಮಾಡಿ ತಂದಿಟ್ಟಳು. ಅವರು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದು, ಅದು ತಣ್ಣಗಾಗಿ ಕೆನೆಗಟ್ಟಿದ ಮೇಲೆ, ಒಂದು ತೊಟ್ಟೂ ಬಿಡದೆ ಕುಡಿದರು.

ಮುಂದಿನ ತಿಂಗಳು ಆ ಸೀಸನ್ನನ್ನು ಮರುಪ್ರಸಾರ ಮಾಡಿದರು. ಏಳನೆಯ ಕಂತಿನಲ್ಲಿ ಆ ಯುವಕ ಬಾಗಿಲಿಗೆ ಬಂದು ಒಂದು ಸಲ ಕೂಗಿ ಒಳಗೆ ಹೋದಾಗ ಅಕ್ಷತಾ ಮಾವನ ಕಡೆ ನೋಡಿದಳು, ಈಗ ಶುರುವಾಗುತ್ತದೆಂದು. ಕೋಟಿಲ್ಲದೆ, ಬನಿಯನ್ನಿನಲ್ಲಿ ಕುಳಿತಿದ್ದ ಅವರು ಕೆಳದನಿಯಲ್ಲಿ ಹೇಳಿದರು: "ಅವನು ನನಗಿಂತ ವಾಸಿ ಕಣಮ್ಮ. ಒಂದು ಕೂಗಿದವನನ್ನ ನಂಬ್ಕೊಂಡು ಯಾರೂ ಕೂತಿರಲ್ಲ. ಎರಡು ಕೂಗಿದವನನ್ನ ನಂಬ್ಕೊಂಡು ಕೂತಿರ್ತಾರೆ."

ಇದಾದ ಮೇಲೆ ಗುಬ್ಬಿಯ ಒಂದು ಮದುವೆಯಲ್ಲಿ ಆ ಬೆಂಚ್ ಗುಮಾಸ್ತ ಶಿವರಾಮಯ್ಯನವರ ಪಕ್ಕದ ಎಲೆಯಲ್ಲಿಯೇ ಊಟಕ್ಕೆ ಕುಳಿತೆ. ಮಾತಿಗೆ ಮಾತು ಬಂದು, ಆ ಧಾರಾವಾಹಿ ನೋಡಿದಿರಾ ಎಂದು ಕೇಳಿದೆ. ಪಾಯಸಕ್ಕೆ ಕೈಯೊಡ್ಡುತ್ತ, "ನೋಡ್ದೆ. ಚೆನ್ನಾಗಿತ್ತು. ಸ್ವಲ್ಪ ಎಳೆದ್ರು ಅಷ್ಟೇ" ಎಂದರು.

ಟೀವಿಯ ಮುಂದೆ ಕುಳಿತು, ಯಾರೋ ಬರೆದ ಕಥೆಯ ಅನ್ಯಾಯಕ್ಕೆ ಮೈಯೆಲ್ಲ ಬೆಂಕಿಯಾಗುವ ಮುದುಕರನ್ನು ಕಂಡು ನಾವು ನಗುತ್ತೇವೆ. ರಕ್ತದೊತ್ತಡ ಎನ್ನುತ್ತೇವೆ, ಚಾನೆಲ್ ಬದಲಿಸಿ ಎನ್ನುತ್ತೇವೆ. ನಾನು ಇನ್ನು ನಗಲಾರೆ. ಕೆರಳುವವನ ಒಳಗೆ ಮುಚ್ಚದ ಪ್ರಕರಣವೊಂದು ಇರುತ್ತದೆ. ಅವನು ಪರರ ತಪ್ಪನ್ನು ಬೈಯುವಾಗಲೂ ತನ್ನ ಹೆಸರನ್ನೇ ಕೂಗಿಕೊಳ್ಳುತ್ತಿರುತ್ತಾನೆ. ಈ ಲೋಕದಲ್ಲಿ ನನಗೆ ಭಯ ಹುಟ್ಟಿಸುವವರು ಅವರಲ್ಲ. ಸಾಕು ಬಾರಯ್ಯ ಎಂದದ್ದನ್ನು ಮರೆತು, ಎಲ್ಲವನ್ನೂ ನೋಡಿ, ಚೆನ್ನಾಗಿತ್ತು ಎಂದು ಪಾಯಸಕ್ಕೆ ಕೈಯೊಡ್ಡುವವರು. ಅವರನ್ನು ಮೂರಲ್ಲ, ಮೂವತ್ತು ಸಲ ಕೂಗಿದರೂ ಅವರು ಗೈರು.